ಹೂಮಳೆಗೆ ಮುನ್ನ: ಪಂಪ್‌ಹೌಸಿನ ಮೂರು ಎಂಜಿನ್‌ಗಳು

ಡಿಸೆಂಬರ್ 14

ಕೊಡಗಿನ ಸುಂಟಿಕೊಪ್ಪದ ಬಳಿಯ ನಮ್ಮ ಕಾಫಿ ತೋಟದ ಕೆರೆಯಂಚಿನ ಪಂಪ್‌ಹೌಸಿನಲ್ಲಿ ಮೂರು ಎಂಜಿನ್‌ಗಳು ಆರೇಳು ವರ್ಷಗಳಿಂದ ಹಾಗೆಯೇ ಕುಳಿತಿವೆ. ಕರೆಂಟ್ ಮೋಟರ್ ಬಂದ ಮೇಲೆ ಅವುಗಳನ್ನು ಯಾರೂ ಮುಟ್ಟಿರಲಿಲ್ಲ. ಕಳೆದ ವರ್ಷ ರೊಬಸ್ಟಾ ಕಾಫಿಗೆ ಹೂನೀರು, ಅಂದರೆ ಹೂಮಳೆಗೆ ಕಾಯದೆ ಮೊಗ್ಗು ಅರಳಿಸುವ ನೀರು, ಕೊಡಬೇಕಾದ ವಾರದಲ್ಲಿಯೇ ವೋಲ್ಟೇಜ್ ಕೈಕೊಟ್ಟಾಗ ಅವುಗಳ ನೆನಪಾಯಿತು. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚಾಗುತ್ತದೆ, ಕಾದು ಕಾದು ಸಾಕಾದ ಮೇಲೆ ಬರುವ ಕರೆಂಟನ್ನು ನಂಬಿ ಅಷ್ಟು ನೀರನ್ನು ಎತ್ತುವುದು ಸಾಧ್ಯವಿಲ್ಲ. ಗುಜರಿಯವರು ಮೂರಕ್ಕೂ ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದಾರೆ. ಅಪ್ಪ ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ.

ಇರುವುದು ಒಂದು ಪೆಟ್ರೋಲ್–ಸೀಮೆಎಣ್ಣೆ ಪಂಪ್‌ಸೆಟ್, ಒಂದು ಹುಲ್ಲು ಹೊಡೆಯುವ ಮೆಷಿನ್ ಮತ್ತು 5 ಎಚ್‌ಪಿಯ ಒಂದು ಡೀಸೆಲ್ ಎಂಜಿನ್. ನನ್ನ ಅನುಭವದಲ್ಲಿ ಇಂಥ ಎಂಜಿನ್‌ಗಳು ಓಡಿ ಸವೆದು ಹಾಳಾದದ್ದಕ್ಕಿಂತ ನಿಂತು ಹಾಳಾದದ್ದೇ ಹೆಚ್ಚು, ಅದರಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಊರಿನಲ್ಲಿ ಕಬ್ಬಿಣಕ್ಕೆ ಬೇರೆ ಶತ್ರು ಬೇಕಿಲ್ಲ. ಆದ್ದರಿಂದ ನಿಂತ ಎಂಜಿನ್ನಿನ ಹಗ್ಗವನ್ನು ಮೊದಲ ದಿನವೇ ಎಳೆಯುವುದಿಲ್ಲ ಎಂದು ನಿಶ್ಚಯಿಸಿದೆ. ತುಕ್ಕು ಹಿಡಿದ ಪಿಸ್ಟನ್ನನ್ನು ಬಲದಿಂದ ಎಳೆದರೆ ಅದರ ಸುತ್ತಲಿನ ರಿಂಗ್ ಮುರಿದು ಸಿಲಿಂಡರಿನ ಗೋಡೆಯನ್ನು ಗೀರುತ್ತದೆ, ಆಮೇಲೆ ಅದು ನಿಜಕ್ಕೂ ಗುಜರಿಯ ಮಾಲಾಗುತ್ತದೆ.

ಡಿಸೆಂಬರ್ 15

ಪಂಪ್‌ಸೆಟ್ಟಿನ ಫ್ಲೈವೀಲ್ (ಎಂಜಿನ್ನಿನ ಭಾರದ ಚಕ್ರ) ಕೈಯಲ್ಲಿ ಕದಲಲಿಲ್ಲ. ಮೇಲಿನ ತಗಡಿನ ಕವಚವನ್ನು ಬಿಚ್ಚಿದಾಗ ಕೂಲಿಂಗ್ ರೆಕ್ಕೆಗಳ ನಡುವೆ ಒಣಹುಲ್ಲು, ಕಾಫಿ ಹೊಟ್ಟು ಮತ್ತು ಗೋಣಿಯ ನಾರು ಸೇರಿಸಿ ಇಲಿ ಕಟ್ಟಿದ ಗೂಡು ಒಂದು ಬೊಗಸೆಯಷ್ಟು ಸಿಕ್ಕಿತು. ಗಾಳಿಯಿಂದಲೇ ತಣಿಯುವ ಎಂಜಿನ್ನಿನಲ್ಲಿ ಇದನ್ನು ನೋಡದೆ ಚಾಲೂ ಮಾಡಿದ್ದರೆ ಅರ್ಧ ಗಂಟೆಯಲ್ಲಿ ಪಿಸ್ಟನ್ ಕಚ್ಚಿಕೊಳ್ಳುತ್ತಿತ್ತು.

ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಡೀಸೆಲ್ ಮತ್ತು ಎಂಜಿನ್ ಆಯಿಲನ್ನು ಸಮಪಾಲಿನಲ್ಲಿ ಬೆರೆಸಿ ಒಂದು ಲೋಟದಷ್ಟು ಸುರಿದು, ತೂತಿಗೆ ಬಟ್ಟೆ ತುರುಕಿ ಬಿಟ್ಟಿದ್ದೇನೆ.

ಡಿಸೆಂಬರ್ 24

ಒಂಬತ್ತನೆಯ ದಿನ ಫ್ಲೈವೀಲ್ ಒಂದು ಬೆರಳಿನಷ್ಟು ಹಿಂದಕ್ಕೆ ಸರಿಯಿತು. ಮುಂದಕ್ಕೆ ತಳ್ಳದೆ, ಹಿಂದೆ ಮುಂದೆ ಸ್ವಲ್ಪ ಸ್ವಲ್ಪವಾಗಿ ಆಡಿಸುತ್ತ ಹೋದಂತೆ ಸಂಜೆಯ ಹೊತ್ತಿಗೆ ಅದು ಪೂರ್ತಿ ಸುತ್ತು ತಿರುಗಿತು. ಇದು ವಾಲ್ವ್‌ಗಳು ಪಕ್ಕದಲ್ಲಿರುವ ಹಳೆಯ ಮಾದರಿಯಾದ್ದರಿಂದ ಸಿಲಿಂಡರಿನ ಮುಚ್ಚಳ (ಹೆಡ್) ತೆಗೆಯುವುದು ಸುಲಭ. ತೆಗೆದು ನೋಡಿದಾಗ ಸಿಲಿಂಡರಿನ ಮೇಲ್ಭಾಗದಲ್ಲಿ ಕಂದು ಬಣ್ಣದ ಒಂದು ಉಂಗುರವಷ್ಟೇ ಕಂಡಿತು, ಆಳವಾದ ಗೀರು ಎಲ್ಲಿಯೂ ಇರಲಿಲ್ಲ. ಎಕ್ಸಾಸ್ಟ್ ವಾಲ್ವ್ ಮೇಲಕ್ಕೆ ಹೋದದ್ದು ಕೆಳಗಿಳಿಯುತ್ತಿರಲಿಲ್ಲ, ಎಣ್ಣೆ ಬಿಟ್ಟು ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ಅದನ್ನು ಸಡಿಲಿಸಿದೆ.

ಕೆಳಗಿನ ಆಯಿಲನ್ನು ಇಳಿಸಿದಾಗ ಅದು ನೀರಿನಂತೆ ತೆಳ್ಳಗಿದ್ದು ಸೀಮೆಎಣ್ಣೆಯ ವಾಸನೆ ಬಂತು. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ನಿನಲ್ಲಿ ಪೂರ್ತಿ ಉರಿಯದ ಎಣ್ಣೆ ರಿಂಗ್‌ಗಳ ಪಕ್ಕದಿಂದ ಕೆಳಗಿಳಿದು ಆಯಿಲಿಗೆ ಸೇರುತ್ತದೆ, ಹೀಗಾಗಿ ಅಳತೆಯ ಕಡ್ಡಿಯಲ್ಲಿ ಆಯಿಲ್ ಹೆಚ್ಚಾಗಿರುವಂತೆ ಕಂಡರೆ ಸಂತೋಷಪಡಬಾರದು. ಹೊಸ ಆಯಿಲ್ ಹಾಕಿದೆ.

ಜನವರಿ 3

ಪಾಯಿಂಟ್‌ಗಳ (ಕಿಡಿಗಾಗಿ ವಿದ್ಯುತ್ತನ್ನು ಕಡಿದು ಜೋಡಿಸುವ ತುದಿಗಳ) ಮೇಲೆ ಬಿಳಿಯ ಪುಡಿ ಕಟ್ಟಿತ್ತು. ನಯವಾದ ಎಮರಿ ಕಾಗದದಿಂದ ಉಜ್ಜಿ, ಫೀಲರ್ ಗೇಜಿನಿಂದ 0.35 ಮಿ.ಮೀ. ಅಂತರ ಹೊಂದಿಸಿ, ಪ್ಲಗ್ಗನ್ನು ಎಂಜಿನ್ನಿನ ಮೈಗೆ ತಾಗಿಸಿ ನೆರಳಿನಲ್ಲಿ ತಿರುಗಿಸಿದಾಗ ನೀಲಿ ಕಿಡಿ ಹಾರಿತು. ಕಾರ್ಬುರೇಟರಿನ ಬಟ್ಟಲಿನಲ್ಲಿ ಬೆಲ್ಲದ ಪಾಕದಂತಹ ಅಂಟು ಗಟ್ಟಿಯಾಗಿತ್ತು. ಇಂತಹ ಎಂಜಿನ್ನನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತರಬೇಕು. ಕೊನೆಯ ದಿನ ಯಾರೋ ಸೀಮೆಎಣ್ಣೆಯಲ್ಲಿಯೇ ನಿಲ್ಲಿಸಿದ್ದಾರೆ. ನಮಗೆ ಈಗ ಸೀಮೆಎಣ್ಣೆ ಸಿಗುವುದೂ ಇಲ್ಲವಾದ್ದರಿಂದ ಸೀಮೆಎಣ್ಣೆಯ ದೊಡ್ಡ ಟ್ಯಾಂಕನ್ನು ತೊಳೆದು ಅದಕ್ಕೂ ಪೆಟ್ರೋಲನ್ನೇ ಹಾಕಿದೆ. ನಾಲ್ಕನೆಯ ಎಳೆತಕ್ಕೆ ಅದು ಹೊತ್ತಿಕೊಂಡಿತು!

ಹನ್ನೆರಡು ನಿಮಿಷ ಓಡಿ, ಉಸಿರು ಕಟ್ಟಿದಂತೆ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಮತ್ತೆ ಹೊತ್ತಿ, ಮತ್ತೆ ಅಷ್ಟೇ ಹೊತ್ತು ಓಡಿ ನಿಲ್ಲುತ್ತದೆ.

ಜನವರಿ 5

ಎರಡು ದಿನ ನಾನು ತಪ್ಪು ದಾರಿಯಲ್ಲಿ ಹುಡುಕಿದೆ. ಬಿಸಿಯಾದಾಗ ಕಿಡಿ ಕೊಡುವ ಕಾಯಿಲ್ ಸೋಲುತ್ತಿದೆ ಎಂದುಕೊಂಡು ಅದನ್ನು ಬಿಚ್ಚಿದೆ, ಕಾರ್ಬುರೇಟರಿನ ಜೆಟ್ಟನ್ನು (ಪೆಟ್ರೋಲ್ ಹಾಯುವ ಸಣ್ಣ ತೂತನ್ನು) ಮತ್ತೊಮ್ಮೆ ಊದಿದೆ. ಕೊನೆಗೆ ಎಂಜಿನ್ ನಿಂತ ತಕ್ಷಣ ಟ್ಯಾಂಕಿನ ಮುಚ್ಚಳವನ್ನು ತಿರುಗಿಸಿದಾಗ ಅದು ಸುಸ್ ಎಂದು ಗಾಳಿಯನ್ನು ಒಳಗೆಳೆದುಕೊಂಡಿತು. ಮುಚ್ಚಳವನ್ನು ಬೆಳಕಿಗೆ ಹಿಡಿದೆ. ಗಾಳಿಯಾಡುವ ಸೂಜಿಮೊನೆಯ ತೂತನ್ನು ಕುಂಬಾರ ಹುಳು ಕೆಮ್ಮಣ್ಣಿನಿಂದ ಅಚ್ಚುಕಟ್ಟಾಗಿ ಮೆತ್ತಿ ಮುಚ್ಚಿತ್ತು, ಮಣ್ಣಿನ ಮೇಲೆ ಅದರ ಕಾಲಿನ ಒತ್ತುಗಳೂ ಕಾಣುತ್ತಿದ್ದವು. ಪೆಟ್ರೋಲ್ ಇಳಿದಷ್ಟು ಗಾಳಿ ಒಳಗೆ ಹೋಗದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಹೆಚ್ಚಿ, ಕಾರ್ಬುರೇಟರಿಗೆ ಪೆಟ್ರೋಲ್ ಹರಿಯುವುದೇ ನಿಂತುಹೋಗುತ್ತದೆ. ಟ್ಯಾಂಕನ್ನು ಮೂರು ಸಲ ತೊಳೆದಿದ್ದ ನಾನು ಮುಚ್ಚಳವನ್ನು ಪಕ್ಕದಲ್ಲಿ ಇಟ್ಟೇ ತೊಳೆದಿದ್ದೆ. ಸೂಜಿ ಹಾಕಿ ಬಿಡಿಸಿದ ಮೇಲೆ ಎಂಜಿನ್ ಒಂದೂವರೆ ಗಂಟೆ ನಿಲ್ಲದೆ ಓಡಿ, ನರ್ಸರಿಯ ಡ್ರಮ್‌ಗಳನ್ನೆಲ್ಲ ತುಂಬಿಸಿತು.

ಜನವರಿ 11

ಹುಲ್ಲು ಹೊಡೆಯುವ ಮೆಷಿನ್ ಒಂದೇ ಬೆಳಗಿನ ಕೆಲಸವಾಯಿತು. ಪೆಟ್ರೋಲ್ ಪೈಪ್ ಮುಟ್ಟಿದರೆ ಪುಡಿಯಾಗುತ್ತಿತ್ತು, ಕಾರ್ಬುರೇಟರಿನ ಡಯಾಫ್ರಮ್ ಎಂಬ ತೆಳು ಪೊರೆ ಕಾಗದದಂತೆ ಬಿಗಿದಿತ್ತು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಮಳೆಗಾಲಕ್ಕೆ ಮೊದಲು ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೆ ಓಡಿಸಿಡುವುದು ಒಳ್ಳೆಯದು. ಪೈಪ್ ಮತ್ತು ಡಯಾಫ್ರಮ್ ಬದಲಿಸಿ, ಸೈಲೆನ್ಸರಿನ ಬಾಯಿಯಲ್ಲಿ ಕಟ್ಟಿದ್ದ ಮಸಿಯನ್ನು ಕೆರೆದು, ಲೀಟರಿಗೆ 40 ಮಿ.ಲೀ. ಟು–ಸ್ಟ್ರೋಕ್ ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿದೆ. ಅದು ಕೆಲಸಕ್ಕೆ ಹೋಗಿದೆ.

ಜನವರಿ 26

ಡೀಸೆಲ್ ಎಂಜಿನ್ನಿನ ಮುಂದೆ ನಾನು ಹೆಚ್ಚು ಎಚ್ಚರದಿಂದ ಇದ್ದೇನೆ. ಅದು ನಿಮಿಷಕ್ಕೆ 1500 ಸುತ್ತು ತಿರುಗುವ ಎಂಜಿನ್. ತಿರುಗುವುದೇನೋ ಸಲೀಸಾಗಿ ತಿರುಗುತ್ತಿದೆ, ಆದರೆ ಎಷ್ಟು ಡೀಸೆಲ್ ಹೋಗಬೇಕೆಂದು ನಿಯಂತ್ರಿಸುವ ಫ್ಯುಯಲ್ ಪಂಪಿನ ಸರಳು, ಅಂದರೆ ರ‍್ಯಾಕ್ ಅಂಟಿಕೊಂಡಿದೆ. ಎಂಜಿನ್ ನಿಂತಿರುವಾಗ ವೇಗವನ್ನು ಮಿತಿಯಲ್ಲಿಡುವ ಗವರ್ನರಿನ ಸ್ಪ್ರಿಂಗ್ ರ‍್ಯಾಕನ್ನು ಹೆಚ್ಚು ಡೀಸೆಲ್ ಬಿಡುವ ಕಡೆಗೇ ಎಳೆದಿಟ್ಟಿರುತ್ತದೆ, ಅಲ್ಲಿಯೇ ಅದು ಅಂಟಿದ್ದಾಗ ಚಾಲೂ ಮಾಡಿದರೆ ಗವರ್ನರಿಗೆ ಹಿಂದಕ್ಕೆ ಎಳೆಯಲಾಗದೆ ವೇಗ ಮಿತಿಮೀರಿ ಫ್ಲೈವೀಲೇ ಸಿಡಿಯಬಹುದು. ಡೀಸೆಲ್ಲಿನಲ್ಲಿ ತೊಳೆದು, ಬೆರಳಿನಿಂದ ತಳ್ಳಿದರೆ ಜಾರುವಷ್ಟು ಸಡಿಲಿಸಿದ ಮೇಲೂ, ಗಾಳಿ ಎಳೆಯುವ ಬಾಯಿಯನ್ನು ಮುಚ್ಚಲು ಒಂದು ಹಲಗೆಯನ್ನು ಕೈಗೆಟಕುವಂತೆ ಇಟ್ಟುಕೊಂಡೇ ಹ್ಯಾಂಡಲ್ ಹಿಡಿದೆ. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹಿಡಿಯಬೇಕೆಂದು ಅಪ್ಪ ಪಕ್ಕದಲ್ಲಿ ನಿಂತು ಎರಡು ಸಲ ನೆನಪಿಸಿದರು. ಎಂಜಿನ್ ತಿರುಗಿಬಿದ್ದರೆ ಮುರಿಯುವುದು ಆ ಬೆರಳೇ.

ಬಿಳಿ ಹೊಗೆ ಬಂತೇ ಹೊರತು ಹತ್ತಲಿಲ್ಲ. ಡೀಸೆಲ್ಲನ್ನು ಸಿಲಿಂಡರಿಗೆ ಚಿಮ್ಮಿಸುವ ಇಂಜೆಕ್ಟರನ್ನು ಬಿಚ್ಚಿ ಕುಶಾಲನಗರದಲ್ಲಿ ಪರೀಕ್ಷಿಸಿದಾಗ ಅದರ ತುದಿಯ ನಾಜಲ್ ಮಂಜಿನಂತೆ ಚಿಮ್ಮುವ ಬದಲು ತೊಟ್ಟಿಕ್ಕುತ್ತಿತ್ತು.

ಫೆಬ್ರವರಿ 9

ಹೊಸ ನಾಜಲ್ ಹಾಕಿ, ಡೀಸೆಲ್ ಲೈನಿನ ಗಾಳಿ ತೆಗೆದು, ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಎತ್ತಿ ಸುತ್ತಿಸಿ ಬಿಟ್ಟಾಗ ಎಂಜಿನ್ ಮೂರು ಬಾರಿ ಕೆಮ್ಮಿ ಹತ್ತಿಕೊಂಡಿತು. ಕೆರೆಯಾಚೆಯ ಕಾರ್ಮಿಕರ ಲೈನ್ ಮನೆಗಳಿಂದ ಹಿರಿಯರೊಬ್ಬರು ಆ ಸದ್ದು ಗುರುತಿಸಿ ಬಂದು ನಿಂತರು. ವೇಗ ಸ್ಥಿರವಾಗಿದೆ, ಹಲಗೆ ಬೇಕಾಗಲಿಲ್ಲ.

ಪಂಪ್ ಮಾತ್ರ ಇನ್ನೂ ನೀರು ಹಿಡಿಯುತ್ತಿಲ್ಲ. ಚಾಲೂ ಮಾಡುವ ಮೊದಲು ಪೈಪಿಗೆ ತುಂಬಿದ ನೀರು ಐದು ನಿಮಿಷದಲ್ಲಿ ಕೆರೆಗೆ ಮರಳುತ್ತಿರುವುದರಿಂದ, ನೀರು ಹಿಂದಕ್ಕೆ ಇಳಿಯದಂತೆ ಪೈಪಿನ ತುದಿಯಲ್ಲಿ ತಡೆಯುವ ಫುಟ್‌ವಾಲ್ವಿನ ವಾಷರ್ ಹೋಗಿರಬೇಕು. ನಾಳೆ ಬೆಳಿಗ್ಗೆ ಇಬ್ಬರು ಕೆರೆಗಿಳಿದು ಪೈಪ್ ಎತ್ತುವುದೆಂದು ಮಾತಾಗಿದೆ. ರೊಬಸ್ಟಾದ ಮೊಗ್ಗುಗಳು ಬಲಿತಿವೆ.