ಹತ್ತಿರ ಬಾ ಅನ್ನುವ ಲೆನ್ಸು, ದೂರ ನಿಲ್ಲು ಅನ್ನುವ ಐಸ್‌ಲ್ಯಾಂಡು

ಐಸ್‌ಲ್ಯಾಂಡಿಗೆ ಹೊರಟಾಗ ಕ್ಯಾಮೆರಾ ಬ್ಯಾಗಿನಲ್ಲಿ ಜಾಸ್ತಿ ಜಾಗ ತಿಂದಿದ್ದು 14–24 ಮಿ.ಮೀ. ಅಲ್ಟ್ರಾ ವೈಡ್ ಲೆನ್ಸು. ಈ ಅಂಕಿ ಚಿಕ್ಕದಾದಷ್ಟೂ ನೋಟ ಅಗಲ. ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾಗೆ ಹಾಕಿ 14ಕ್ಕೆ ತಿರುಗಿಸಿದರೆ ಮೂಲೆಯಿಂದ ಮೂಲೆಗೆ ಸುಮಾರು 114 ಡಿಗ್ರಿ ನೋಟ ಸಿಗುತ್ತದೆ. ಬೆಟ್ಟ, ಬಯಲು, ಆಕಾಶ ಎಲ್ಲ ಒಂದೇ ಫೋಟೊದಲ್ಲಿ ಹಿಡಿಸುತ್ತದೆ ಅಂತ ಜನ ಇದನ್ನು ಕೊಳ್ಳುತ್ತಾರೆ. ಹಿಡಿಸುತ್ತದೆ, ನಿಜ. ಆದರೆ ಹೇಗೆ ಹಿಡಿಸುತ್ತದೆ ಅನ್ನುವುದು ಬೇರೆ ಮಾತು.

ರಾಜಧಾನಿ ರೇಕ್ಯಾವಿಕ್ ಬಿಟ್ಟು 1ನೇ ನಂಬರಿನ ರಸ್ತೆಯಲ್ಲಿ ದಕ್ಷಿಣ ಕರಾವಳಿ ಹಿಡಿದೆವು. ಎಡಕ್ಕೆ ಏಯಾಫ್ಯಾಟ್ಲಾಯೋಕುಲ್ ಕಾಣಿಸಿತು. 2010ರಲ್ಲಿ ಬೂದಿ ಉಗುಳಿ ಯುರೋಪಿನ ವಿಮಾನಗಳನ್ನು ನೆಲದ ಮೇಲೇ ಕೂರಿಸಿದ ಜ್ವಾಲಾಮುಖಿ ಇದು. ಎತ್ತರ 1,600 ಮೀಟರಿಗೂ ಹೆಚ್ಚು. ರಸ್ತೆ ಬದಿಯಿಂದ ಒಂದು ಫೋಟೊ ತೆಗೆದು ಜೊತೆಗಿದ್ದ ಗೆಳೆಯನಿಗೆ ತೋರಿಸಿದೆ.

"ಬೆಟ್ಟ ಎಲ್ಲೋ?"

"ಅದೇ ಕಣೋ, ನಡುವೆ ಇದೆಯಲ್ಲ."

"ಇದಾ? ಹುತ್ತ ಅಂದುಕೊಂಡೆ."

ಈ ಲೆನ್ಸಿನ ಗುಣವೇ ಅದು. ದೂರದ್ದನ್ನು ಕುಗ್ಗಿಸುತ್ತದೆ, ಹತ್ತಿರದ್ದನ್ನು ಹಿಗ್ಗಿಸುತ್ತದೆ. ದೂರದ ಬೆಟ್ಟವೇ ಬೇಕಿದ್ದರೆ 70 ಮಿ.ಮೀ. ಹಾಕಿಕೊಳ್ಳುವುದು ವಾಸಿ. 14 ಹಾಕಿದಿರೋ, ಕಾಲಬುಡದಲ್ಲಿ ಏನಾದರೂ ಇರಬೇಕು. ಕಲ್ಲು, ಹುಲ್ಲು, ನೀರಿನ ಸೆಲೆ, ಏನಾದರೂ ಸರಿ. ಅದರ ಮೂತಿಗೆ ಲೆನ್ಸು ತಾಗುವಷ್ಟು ಹತ್ತಿರ ಹೋಗಬೇಕು. ಕಷ್ಟ ಏನಂದರೆ, ಐಸ್‌ಲ್ಯಾಂಡಿನಲ್ಲಿ ಹತ್ತಿರ ಹೋಗಬಾರದ ಜಾಗಗಳೇ ಜಾಸ್ತಿ.

ಸೆಲ್ಯಾಲ್ಯಾಂಡ್ಸ್‌ಫಾಸ್ ಮಾತ್ರ ಧಾರಾಳಿ. ಸುಮಾರು 60 ಮೀಟರಿನ ಈ ಜಲಪಾತದ ಹಿಂದೆಯೇ ನಡೆದು ಹೋಗಬಹುದು. ಹಿಂದಿನ ಗುಹೆಯಲ್ಲಿ ಹೆಚ್ಚು ಹಿಂದೆ ಸರಿಯಲು ಜಾಗ ಇಲ್ಲ. ಗುಹೆಯ ಬಾಯಿ, ಬೀಳುವ ನೀರು, ಆಚೆಯ ಬಯಲು ಮೂರೂ ಬೇಕೆಂದರೆ ಅಲ್ಟ್ರಾ ವೈಡ್ ಬಿಟ್ಟು ಗತಿಯಿಲ್ಲ. ತುಂತುರಿನದೇ ಕಾಟ. ಇಂಥ ಲೆನ್ಸಿನ ಮುಂದಿನ ಗಾಜು ಉಬ್ಬಿರುತ್ತದೆ, ಅದಕ್ಕೆ ಮಾಮೂಲಿ ಫಿಲ್ಟರ್ ತಿರುಚಿ ಹಾಕಲು ಬರುವುದಿಲ್ಲ, ಬೀಳುವ ಹನಿಯೆಲ್ಲ ಗಾಜಿಗೇ. ದೂರದ್ದನ್ನು ಹತ್ತಿರಕ್ಕೆ ತರುವ ಉದ್ದ ಲೆನ್ಸಿನಲ್ಲಿ ಒಂದು ಹನಿ ಬಿದ್ದರೆ ಚಿತ್ರ ಸ್ವಲ್ಪ ಮಂಕಾಗುತ್ತದೆ ಅಷ್ಟೇ. ಇದರಲ್ಲಿ ಹನಿಯೂ ಎದ್ದು ಕಾಣುತ್ತದೆ, ಸೂರ್ಯ ಎದುರಿಗಿದ್ದರಂತೂ ಕೇಳಲೇ ಬೇಡಿ. ನಾನು ಗಾಜಿನ ಮೇಲೆ ಬಟ್ಟೆ ಹೊದಿಸಿ ನಿಲ್ಲುತ್ತಿದ್ದೆ. ಗಾಳಿ ಆಚೆ ತಿರುಗಿದ ಕೂಡಲೇ ಬಟ್ಟೆ ತೆಗೆದು ಕ್ಲಿಕ್, ಮತ್ತೆ ಬಟ್ಟೆ.

ಸ್ಕೋಗಾಫಾಸ್ ಜಲಪಾತದಲ್ಲಿ ನೀರು ಬೀಳುವ ಕಡೆಗೆ ಬಯಲಿನಲ್ಲಿ ನಡೆದೇ ಹೋಗಬಹುದು. ಇದೂ 60 ಮೀಟರೇ, ಆದರೆ ಅಗಲ 25 ಮೀಟರು. ಎಷ್ಟು ದೊಡ್ಡದು ಅಂತ ತಿಳಿಯಲು ಚಿತ್ರದಲ್ಲಿ ಒಬ್ಬ ಮನುಷ್ಯ ಬೇಕು. ಗೆಳೆಯನನ್ನು ನಿಲ್ಲಿಸಿದೆ. ಅವನು ಸುಮ್ನೆ ಇರದೆ ಫ್ರೇಮಿನ ಅಂಚಿಗೆ ಸರಿದ. ಅಂಚಿನಲ್ಲಿ ಈ ಲೆನ್ಸು ಎಲ್ಲವನ್ನೂ ಮೂಲೆಯತ್ತ ಎಳೆಯುತ್ತದೆ. ತಲೆ ಒಂದು ಕಡೆಗೆ ಜಗ್ಗಿಕೊಂಡಿತು. ಆ ಫೋಟೊ ಅಳಿಸುವವರೆಗೂ ಅವನು ಬಿಡಲಿಲ್ಲ. ಜನರನ್ನು ನಡುವೆಯೇ ನಿಲ್ಲಿಸಬೇಕು. ಗುಂಪಿನ ಫೋಟೊಗಂತೂ 24ಕ್ಕಿಂತ ಕೆಳಗೆ ಇಳಿಯದಿದ್ದರೆ ಸ್ನೇಹ ಉಳಿಯುತ್ತದೆ.

ವೀಕ್ ಊರಿನ ಹತ್ತಿರದ ರೇನಿಸ್ಫ್ಯಾರಾ ಕಡಲತೀರ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಕಪ್ಪು ಮರಳು, ಕಪ್ಪು ಉರುಟು ಕಲ್ಲು, ಪಕ್ಕದಲ್ಲಿ ಬಸಾಲ್ಟ್ ಕಂಬಗಳ ಗೋಡೆ. ಲಾವಾ ಆರುತ್ತಾ ಕುಗ್ಗಿ, ಬಿರುಕು ಬಿಟ್ಟು, ಬಹುಮಟ್ಟಿಗೆ ಆರು ಮೂಲೆಯ ಕಂಬಗಳಾಗಿವೆ. ಎಲ್ಲರಿಗೂ ಬೇಕಾದ ಫೋಟೊ ಅಂದರೆ ಕ್ಯಾಮೆರಾವನ್ನು ನೆಲಕ್ಕೆ ಹಚ್ಚಿ, ಮರಳುವ ಅಲೆಯ ನೊರೆಯನ್ನು ಮುಂದಿಟ್ಟುಕೊಂಡದ್ದು. ಆದರೆ ಇಲ್ಲಿ ಹೇಳದೆ ಕೇಳದೆ ದೊಡ್ಡ ಅಲೆ ಮೇಲೆ ನುಗ್ಗುತ್ತದೆ. ಜನ ಸತ್ತಿದ್ದಾರೆ. ಎಚ್ಚರಿಕೆಯ ದೀಪ ಹಾಕಿದ್ದಾರೆ, ಬೋರ್ಡು ಹಾಕಿದ್ದಾರೆ. ಆದರೂ ಟ್ರೈಪಾಡ್ ಹಿಡಿದವರು ನೀರಿನ ಕಡೆಗೇ ನಡೆಯುತ್ತಾರೆ. ಅವರಿಗೆ ಮೋಸ ಮಾಡುವುದು ಲೆನ್ಸೂ ಹೌದು ಅಂತ ನನಗನ್ನಿಸುತ್ತದೆ. 14 ಮಿ.ಮೀ.ನಲ್ಲಿ ಕಣ್ಣಿಟ್ಟು ನೋಡಿದರೆ ಹತ್ತು ಹೆಜ್ಜೆ ಆಚೆಯ ಅಲೆ ಎಲ್ಲೋ ದೂರದ ಗೆರೆಯ ಹಾಗೆ ಕಾಣುತ್ತದೆ. ದೊಡ್ಡದಾಗಿ ಕಾಣುವ ಹೊತ್ತಿಗೆ ಅದು ಕಾಲಿಗೆ ಬಂದಾಗಿರುತ್ತದೆ. ನಾನು ಮೇಲೇ ನಿಂತು ಉದ್ದ ಲೆನ್ಸು ಹಾಕಿಕೊಂಡೆ. ಕಡಲಿನಲ್ಲಿ ಎದ್ದು ನಿಂತ ರೇನಿಸ್‌ಡ್ರಾಂಗರ್ ಬಂಡೆಗಳಿಗೆ ಅದೇ ಸರಿ.

ಇನ್ನೂ ಪೂರ್ವಕ್ಕೆ ಹೋದರೆ ಎಲ್ಡ್‌ಹ್ರಾನ್ ಲಾವಾ ಬಯಲು. 1783–84ರ ಲಾಕಿ ಸ್ಫೋಟದಲ್ಲಿ ಹರಿದ ಲಾವಾ ಮೇಲೆ ದಪ್ಪ ಪಾಚಿ ಬೆಳೆದಿದೆ. ಬೂದು ಹಸಿರಿನ ಮೆತ್ತೆ ಕಣ್ಣು ಹೋಗುವಷ್ಟು ದೂರ. ಒಮ್ಮೆ ತುಳಿದರೆ ಗಾಯ ಮಾಯಲು ದಶಕಗಳೇ ಬೇಕು, ಹಾಗಾಗಿ ದಾರಿ ಬಿಟ್ಟು ಇಳಿಯುವ ಹಾಗಿಲ್ಲ. ದಾರಿಯ ಅಂಚಿನಲ್ಲೇ ಕೂತು ಕ್ಯಾಮೆರಾವನ್ನು ಪಾಚಿಯ ಮಟ್ಟಕ್ಕೆ ಇಳಿಸಿದೆ. 14 ಮಿ.ಮೀ., ಎಫ್/11, ಅಂದರೆ ಬೆಳಕು ಬರುವ ಕಿಂಡಿ ಸಣ್ಣದು. ಸುಮಾರು 60 ಸೆಂಟಿಮೀಟರ್ ದೂರಕ್ಕೆ ಫೋಕಸ್ ಇಟ್ಟರೆ 30 ಸೆಂಟಿಮೀಟರಿನಿಂದ ಹಿಡಿದು ದಿಗಂತದವರೆಗೆ ಎಲ್ಲ ಸ್ಪಷ್ಟ. ಒಂದು ಹೆಜ್ಜೆಯೂ ಒಳಗಿಡದೆ ಬಯಲಿನ ನಟ್ಟನಡುವೆ ನಿಂತ ಹಾಗೆ ಚಿತ್ರ ಬಂತು.

ಯೋಕುಲ್ಸಾರ್ಲೋನ್‌ನಲ್ಲಿ ಲೆನ್ಸಿನ ಹಸಿವು ತೀರಿತು. ವಾಟ್ನಾಯೋಕುಲ್ ಹಿಮರಾಶಿಯಿಂದ ಒಡೆದ ತುಂಡುಗಳು ಈ ಕೊಳದಲ್ಲಿ ತೇಲಿ ಕಡಲಿಗೆ ಹೋಗುತ್ತವೆ. ಅಲೆಗಳು ಕೆಲವನ್ನು ಮತ್ತೆ ಕಪ್ಪು ಮರಳಿನ ಮೇಲೆ ಎಸೆಯುತ್ತವೆ. ನೀರಿನಿಂದ ಸಾಕಷ್ಟು ಮೇಲೆ ಬಿದ್ದಿದ್ದ ಒಂದು ತುಂಡಿಗೆ ಗೇಣಿನಷ್ಟು ಹತ್ತಿರ ಲೆನ್ಸು ಇಟ್ಟೆ. ಮೊಣಕಾಲೆತ್ತರದ ಮಂಜುಗಡ್ಡೆ ಚಿತ್ರದಲ್ಲಿ ಗುಡ್ಡವಾಯಿತು. ಒಳಗಿನ ಗಾಳಿಗುಳ್ಳೆಗಳೂ ಬಂದವು.

ಸೆಪ್ಟೆಂಬರ್ ಆದ್ದರಿಂದ ರಾತ್ರಿ ಕತ್ತಲಾಗುತ್ತಿತ್ತು, ಆಕಾಶದಲ್ಲಿ ಕುಣಿಯುವ ಧ್ರುವದ ಬೆಳಕು, ಅರೋರಾ ಕೂಡ ಕಂಡಿತು. 500ನ್ನು 14ರಿಂದ ಭಾಗಿಸಿದರೆ ಸುಮಾರು 35, ಅಷ್ಟು ಸೆಕೆಂಡು ಶಟರ್ ತೆರೆದಿಟ್ಟರೂ ನಕ್ಷತ್ರ ಗೆರೆಯಾಗುವುದಿಲ್ಲ ಅನ್ನುವ ಹಳೆಯ ಲೆಕ್ಕ ಇದೆ. ಅರೋರಾಗೆ ಅದು ಉಪಯೋಗಕ್ಕಿಲ್ಲ. ಬೆಳಕು ಅಲುಗಾಡುತ್ತದೆ, 35 ಸೆಕೆಂಡಿನಲ್ಲಿ ಹಸಿರು ಗಂಜಿಯಾಗುತ್ತದೆ. ಎಫ್/2.8ಕ್ಕೆ ಕಿಂಡಿ ದೊಡ್ಡದು ಮಾಡಿ ಇಟ್ಟು ಐದಾರು ಸೆಕೆಂಡು ಸಾಕು.

ರೇಕ್ಯಾವಿಕ್‌ಗೆ ಮರಳಿದ ಮೇಲೆ ಹಾಲ್‌ಗ್ರಿಮ್ಸ್‌ಕಿರ್ಕ್ಯಾ ಚರ್ಚು ಬಾಕಿ ಇತ್ತು. ಗೋಪುರ 74 ಮೀಟರಿಗೂ ಎತ್ತರ, ಇಕ್ಕೆಲದಲ್ಲಿ ಬಸಾಲ್ಟ್ ಕಂಬಗಳನ್ನೇ ಹೋಲುವ ಕಾಂಕ್ರೀಟ್ ಸಾಲು. ಕ್ಯಾಮೆರಾ ಮೇಲಕ್ಕೆತ್ತಿದರೆ ಗೋಪುರ ಹಿಂದಕ್ಕೆ ವಾಲುತ್ತದೆ. ನೆಟ್ಟಗೆ ನಿಲ್ಲಬೇಕೆಂದರೆ ಕ್ಯಾಮೆರಾ ಮಟ್ಟಸವಾಗಿರಬೇಕು. ಆಗ ಚಿತ್ರದ ಕೆಳಗಿನ ಅರ್ಧ ಬರೀ ನೆಲಗಲ್ಲು, ಆಮೇಲೆ ಕತ್ತರಿಸಬೇಕು. ಎರಡೂ ಥರ ತೆಗೆದೆ. ವಾಲಿದ್ದೇ ಚೆನ್ನಾಗಿದೆ ಅಂತಾನೆ ಗೆಳೆಯ, ಕತ್ತೆತ್ತಿ ನೋಡಿದಾಗ ಅವನಿಗೆ ಹಾಗೇ ಕಂಡಿತಂತೆ. ನಾನಿನ್ನೂ ಒಪ್ಪಿಲ್ಲ.