ಷರಾ ಕಾಲಂ ಅಳಿಸಿದವನು ನಾನೇ

ಕಳೆದ ವಾರ ಕಚೇರಿಯ ಡ್ರೈವಿನಲ್ಲಿ ಬೇರೇನೋ ಹುಡುಕುತ್ತಿದ್ದಾಗ ಹಳೆಯ ಸ್ಲೈಡೊಂದು ಕಣ್ಣಿಗೆ ಬಿತ್ತು. ಏಳು ಕಂಬಗಳ ಗ್ರಾಫ್, ದನಗಳ ಒಂದೊಂದು ಗುಂಪಿಗೆ ಒಂದೊಂದು ಕಂಬ. ಕೊನೆಯ ಕಂಬ ಉಳಿದವುಗಳ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಹಾಗಿದೆ. ಕೆಳಗೆ ಕೆಂಪು ಅಕ್ಷರದಲ್ಲಿ ನಾನೇ ಬರೆದ ಸಾಲು: ‘ಈ ತಳಿಯಲ್ಲಿ ಆನುವಂಶಿಕ ವೈವಿಧ್ಯ ಅತ್ಯಂತ ಕಡಿಮೆ. ಹೊರಗಿನ ರಕ್ತ ಸೇರಿಸುವುದನ್ನು ಪರಿಶೀಲಿಸಬಹುದು.’ ಎರಡು ವರ್ಷವಾಗಿದೆ. ಓದಿದ ಕೂಡಲೇ ಕಿವಿ ಬಿಸಿಯಾಯಿತು.

ನಾನು ಜಾನುವಾರು ತಳಿ ಪ್ರಯೋಗಾಲಯವೊಂದರಲ್ಲಿ ದತ್ತಾಂಶ ನೋಡುವವನು. ದನದ ಮೈ ಮುಟ್ಟಿದ್ದಕ್ಕಿಂತ ದನದ ಫೈಲು ಮುಟ್ಟಿದ್ದೇ ಹೆಚ್ಚು. ಆಗ ನಮ್ಮ ಮುಂದಿದ್ದ ಪ್ರಶ್ನೆ ಸರಳವಾಗಿತ್ತು. ದ್ರವ ಸಾರಜನಕದ ಟ್ಯಾಂಕಿನಲ್ಲಿ ಜಾಗ ಕಡಿಮೆ, ಯಾವ ತಳಿಯ ಹೋರಿಗಳ ವೀರ್ಯವನ್ನು ಮೊದಲು ಸಂಗ್ರಹಿಸಬೇಕು? ಐದು ನಾಡತಳಿಗಳು, ಒಂದು ಮಿಶ್ರತಳಿ ಮಂದೆ, ಹೋಲಿಕೆಗೆ ಹೋಲ್‌ಸ್ಟೀನ್ ಎಂಬ ವಿದೇಶಿ ಹಾಲಿನ ತಳಿ. ಎಲ್ಲದಕ್ಕೂ 50ಕೆ ಚಿಪ್‌ನ, ಅಂದರೆ ಡಿಎನ್‌ಎಯ ಐವತ್ತು ಸಾವಿರದಷ್ಟು ನಿಗದಿತ ತಾಣಗಳನ್ನು ಓದುವ ಚಿಪ್‌ನ, ದತ್ತಾಂಶ ಇತ್ತು. ಒಟ್ಟು 500 ದನ. ಅದರಲ್ಲಿ 360 ಹೋಲ್‌ಸ್ಟೀನ್, ಏಕೆಂದರೆ ಅದು ಪುಕ್ಕಟೆಯಾಗಿ ಸಿಗುತ್ತದೆ. ಗುಡ್ಡಗಾಡಿನ ಗಿಡ್ಡ ತಳಿಯವು ಬರೀ 24.

ಆ 24 ದನಗಳ ರಕ್ತ ತಂದವರು ನಮ್ಮ ಕ್ಷೇತ್ರ ವಿಭಾಗದ ಹಿರಿಯ ಪಶುವೈದ್ಯೆ. ಒಂದೇ ಮಂದೆಯಿಂದ ಎರಡಕ್ಕಿಂತ ಹೆಚ್ಚು ದನ ಬೇಡ ಎಂದು ಹಟ ಹಿಡಿದು, ಗುಡ್ಡ ಹತ್ತಿ ಇಳಿದು, ಒಂದು ಮಳೆಗಾಲ ಪೂರ್ತಿ ಅಲೆದಿದ್ದರು. ಅವರ ರಿಜಿಸ್ಟರಿನಲ್ಲಿ ಕೊನೆಗೊಂದು ‘ಷರಾ’ ಕಾಲಂ. ಬೇರೆಯವರಾದರೆ ಅಲ್ಲಿ ಅಡ್ಡಗೆರೆ ಎಳೆದು ಮುಗಿಸುತ್ತಾರೆ. ಇವರು ಪ್ರತಿಯೊಂದು ದನಕ್ಕೂ ಎರಡು ಮೂರು ಸಾಲು ಬರೆದಿದ್ದರು. ‘ಮಧ್ಯಾಹ್ನ ಬಿಸಿಲಿನಲ್ಲೇ ಮೇಯುತ್ತದೆ, ನೆರಳಿಗೆ ಹೋಗುವುದಿಲ್ಲ.’ ‘ಪಕ್ಕದ ಮಿಶ್ರತಳಿ ಹಸುವಿನ ಮೈತುಂಬ ಉಣುಗು, ಇದರ ಮೈಮೇಲೆ ಹುಡುಕಿದರೆ ಮೂರು.’ ‘ಹನ್ನೊಂದನೇ ಕರು. ವೈದ್ಯರನ್ನು ಕರೆಸಿದ್ದು ನೆನಪಿಲ್ಲ ಎನ್ನುತ್ತಾರೆ.’

ಆ ಕಾಲಂ ಅನ್ನು ನಾನು ಅಳಿಸಿದೆ. ಅದರೊಳಗಿನ ಅಲ್ಪವಿರಾಮಗಳು, ಅಲ್ಪವಿರಾಮದಿಂದಲೇ ಕಾಲಂ ಬೇರ್ಪಡಿಸುವ ನನ್ನ ಸಿಎಸ್‌ವಿ ಫೈಲನ್ನು ಒಡೆಯುತ್ತಿದ್ದವು.

ಸ್ಕ್ರಿಪ್ಟ್ ನನ್ನದಲ್ಲ, ಕೆಲಸ ಬಿಟ್ಟು ಹೋದ ಹಿಂದಿನವನದು. ನಮ್ಮಲ್ಲಿ ಮನುಷ್ಯರು ಹೋಗುತ್ತಾರೆ, ಸ್ಕ್ರಿಪ್ಟ್‌ಗಳು ಉಳಿಯುತ್ತವೆ. ಯಾವ ಸಾಲು ಏಕಿದೆ ಎಂದು ಯಾರೂ ಕೇಳುವುದಿಲ್ಲ, ಹಳೆಯ ಮನೆಯ ಗೋಡೆಯಲ್ಲಿರುವ ಮೊಳೆಯ ಹಾಗೆ. ನಾನು ಫೈಲಿನ ಹೆಸರುಗಳನ್ನು ಬದಲಿಸಿ ಓಡಿಸಿದೆ. ಗುಣಮಟ್ಟದ ತಪಾಸಣೆ (ಕ್ಯೂಸಿ) ಮುಗಿಯಿತು, ಚಿಪ್ ಸರಿಯಾಗಿ ಓದಿದ ತಾಣಗಳ ಪ್ರಮಾಣ (ಕಾಲ್ ರೇಟ್) ಚೆನ್ನಾಗಿತ್ತು, ದನಗಳನ್ನು ಹೋಲಿಕೆಯಂತೆ ಗುಂಪಾಗಿಸಿ ತೋರಿಸುವ ಪಿಸಿಎಯಲ್ಲಿ ತಳಿಗಳು ಅಂದವಾಗಿ ಬೇರೆ ಬೇರೆ ಮೂಲೆಗೆ ಹೋಗಿ ಕೂತವು. ಹೆಟರೊಜೈಗಾಸಿಟಿಯ, ಅಂದರೆ ತಾಯಿಯಿಂದ ಬಂದ ಪ್ರತಿ ತಂದೆಯಿಂದ ಬಂದ ಪ್ರತಿಗಿಂತ ಎಷ್ಟು ಕಡೆ ಬೇರೆ ಎಂಬ ಅಳತೆಯ, ಕಂಬಗಳನ್ನು ಎಬ್ಬಿಸಿದೆ. ಎಲ್ಲಕ್ಕಿಂತ ಎತ್ತರದ ಕಂಬ ಮಿಶ್ರತಳಿ ಮಂದೆಯದು. ಅದರ ನಂತರ ಹೋಲ್‌ಸ್ಟೀನ್. ತೀರಾ ಗಿಡ್ಡದ್ದು ಗುಡ್ಡದ ತಳಿ.

ಅಲ್ಲೇ ನಾನು ನಿಲ್ಲಬೇಕಿತ್ತು. ಹೋಲ್‌ಸ್ಟೀನ್ ಎಂಥ ತಳಿ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಉತ್ತರ ಅಮೆರಿಕದ ಕೃತಕ ಗರ್ಭಧಾರಣೆ ಹೋರಿಗಳ ಗಂಡುಸಂತತಿಯ ಎಳೆ ಹಿಡಿದು ಹಿಂದಕ್ಕೆ ಹೋದರೆ ಹೆಚ್ಚುಕಡಿಮೆ ಎಲ್ಲವೂ 1960ರ ದಶಕದಲ್ಲಿ ಹುಟ್ಟಿದ ಎರಡು ಹೋರಿಗಳ ಹತ್ತಿರ ಬಂದು ನಿಲ್ಲುತ್ತವೆ. ಒಂದರ ಹೆಸರು ಚೀಫ್, ಇನ್ನೊಂದು ಎಲಿವೇಷನ್. ಲಕ್ಷಾಂತರ ದನಗಳಿದ್ದರೂ ಅದರ ಪರಿಣಾಮಕಾರಿ ಸಂತತಿ ಗಾತ್ರ ನೂರರ ಆಸುಪಾಸಿನದ್ದು, ಅಂದರೆ ವೈವಿಧ್ಯದ ಲೆಕ್ಕದಲ್ಲಿ ನೂರು ದನಗಳ ಮಂದೆಗೆ ಸಮ. ಅಂಥ ತಳಿ ಎತ್ತರದಲ್ಲಿ ನಿಂತು, ಯಾರೂ ಯೋಜನೆ ಹಾಕಿ ಹೋರಿ ಆರಿಸದ, ಗುಡ್ಡದಲ್ಲಿ ತಮ್ಮ ಪಾಡಿಗೆ ಕೂಡಿ ಬೆಳೆದ ದನಗಳು ಕೆಳಗೆ ಹೋಗಿವೆ ಎಂದರೆ ಯಾರಿಗಾದರೂ ಅನುಮಾನ ಬರಬೇಕು. ನನಗೆ ಬಂದದ್ದು ಸಂಭ್ರಮ. ‘ಅಚ್ಚರಿಯ ಫಲಿತಾಂಶ’ ಎಂದು ಸ್ಲೈಡಿಗೆ ಶೀರ್ಷಿಕೆ ಕೊಟ್ಟೆ.

ಸಭೆಯಲ್ಲಿ ಹನ್ನೆರಡು ಜನರಿದ್ದರು. ನಿರ್ದೇಶಕರಿಗೆ ಕಂಬಗಳು ಇಷ್ಟ. ಗ್ರಾಫ್ ಇದ್ದರೆ ಸಭೆ ಬೇಗ ಮುಗಿಯುತ್ತದೆ ಎಂಬುದು ಅವರ ನಂಬಿಕೆ. ನೋಡಿದವರೇ, “ಹಾಗಾದರೆ ಏಳನೆಯದಕ್ಕೆ ಟ್ಯಾಂಕ್ ಜಾಗ ವ್ಯರ್ಥ. ಅಲ್ಲಿಗೆ ಹೊರಗಿನ ಹೋರಿ ಕೊಡಿಸುವ ಪ್ರಸ್ತಾವ ಹಾಕೋಣ” ಎಂದು ಪೆನ್ನು ತೆಗೆದರು.

ಆಗ ಪಶುವೈದ್ಯೆ ಮೇಜಿನ ಆ ತುದಿಯಿಂದ ಕೇಳಿದರು: “ವೈವಿಧ್ಯ ಕಡಿಮೆ ಎಂದರೆ ಹೇಗೆ? ಆ 24ರಲ್ಲಿ ಎರಡು ದನ ಒಂದೇ ತರಹ ಇಲ್ಲವಲ್ಲ.”

ನಾನು ಕೊಟ್ಟ ಉತ್ತರ ಈಗಲೂ ರಾತ್ರಿ ನೆನಪಾಗುತ್ತದೆ. “ಮೇಡಂ, ಬಣ್ಣ, ಕೊಂಬು ಕಣ್ಣಿಗೆ ಕಾಣುವಂಥವು. ಚಿಪ್ ನೋಡುವುದು ವಂಶವಾಹಿಯನ್ನು.” ಪಕ್ಕದಲ್ಲಿದ್ದ ಒಬ್ಬಿಬ್ಬರು ನಕ್ಕರು. ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾ, “ಸರಿ. ಆ ಚಿಪ್ ಮಾಡಿದವರು ಯಾವ ದನಗಳನ್ನು ನೋಡಿ ಮಾಡಿದ್ದು?” ಎಂದರು.

ಉತ್ತರ ನನಗೆ ಗೊತ್ತಿತ್ತು. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ದನಗಳ ಮೊದಲ ಆಕರ ಜೀನೋಮ್, ಅಂದರೆ ಉಳಿದ ದನಗಳನ್ನೆಲ್ಲ ಹೋಲಿಸಿ ನೋಡುವ ಮಾದರಿ, ಡಾಮಿನೆಟ್ ಎಂಬ ಹೆರೆಫರ್ಡ್ ಹಸುವಿನದು, ಪ್ರಕಟವಾದದ್ದು 2009ರಲ್ಲಿ. ಹಳೆಯ 50ಕೆ ಚಿಪ್‌ನ ಐವತ್ನಾಲ್ಕು ಸಾವಿರ ಚಿಲ್ಲರೆ ಸ್ನಿಪ್‌ಗಳಲ್ಲಿ (ಡಿಎನ್‌ಎಯ ಒಂದಕ್ಷರ ದನದಿಂದ ದನಕ್ಕೆ ಬದಲಾಗುವ ತಾಣಗಳಲ್ಲಿ) ಹೆಚ್ಚಿನವನ್ನು ಆರಿಸಿದ್ದೇ ಹೋಲ್‌ಸ್ಟೀನ್, ಆಂಗಸ್‌ನಂಥ ಹಿಣಿಲಿಲ್ಲದ ದನಗಳಲ್ಲಿ ಚೆನ್ನಾಗಿ ಬದಲಾಗುವ ತಾಣಗಳು ಎಂದು. ನಮ್ಮ ಗುಡ್ಡದ ದನ ಹಿಣಿಲಿನ ದನ. ಎರಡರ ಕಾಡು ಪೂರ್ವಜರು ಬೇರೆಯಾದದ್ದು ಮನುಷ್ಯ ದನ ಪಳಗಿಸುವುದಕ್ಕೆ ಎಷ್ಟೋ ಮೊದಲು. ಒಂದನ್ನು ಪಳಗಿಸಿದ್ದು ಪಶ್ಚಿಮ ಏಷ್ಯಾದಲ್ಲಿ, ಇನ್ನೊಂದನ್ನು ಸಿಂಧೂ ಕಣಿವೆಯ ಕಡೆ. ಹೋಲ್‌ಸ್ಟೀನ್ ಎಲ್ಲಿ ಬದಲಾಗುತ್ತದೋ ಅಲ್ಲಿ ಮಾತ್ರ ನೋಡುವ ಕಣ್ಣಿಗೆ, ಹಿಣಿಲಿನ ದನ ತನ್ನದೇ ಬೇರೆ ಸಾವಿರ ಕಡೆ ಬದಲಾಗುವುದು ಕಾಣುವುದೇ ಇಲ್ಲ.

ಬಾಯಿಂದ ಬಂದದ್ದು ಮಾತ್ರ, “ಅದಕ್ಕೆಲ್ಲ ತಿದ್ದುಪಡಿ ಮಾಡಿರುತ್ತದೆ ಮೇಡಂ.” ಯಾರು ಮಾಡಿದ್ದು? ನಾನಂತೂ ಅಲ್ಲ.

ಚರ್ಚೆ ಹೊರಗಿನ ಹೋರಿ ಯಾವುದು ಎಂಬ ಕಡೆಗೆ ತಿರುಗಿತು. ನಾನು ತಲೆ ಬಗ್ಗಿಸಿ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಮಾಡಿದ ಪ್ಲಿಂಕ್ ತಂತ್ರಾಂಶದ ಲಾಗ್ ತೆರೆದೆ. ಬೆರಳು ತಣ್ಣಗಾಗಿತ್ತು. ಎಂಎಎಫ್ 0.05 ಎಂಬ ಸಾಲು. ಅದರ ಕೆಳಗೆ, ಆ ಫಿಲ್ಟರಿನಿಂದಾಗಿ ತೆಗೆದುಹಾಕಿದ ಸ್ನಿಪ್‌ಗಳು ಒಂಬತ್ತು ಸಾವಿರದ ಚಿಲ್ಲರೆ. ಶೇ 5ಕ್ಕಿಂತ ಅಪರೂಪದ ಅಲೀಲುಗಳನ್ನು (ಒಂದೇ ತಾಣದಲ್ಲಿ ಕಾಣುವ ಬದಲಿ ರೂಪಗಳನ್ನು) ಕಿತ್ತುಹಾಕು ಎಂದು ಹಿಂದಿನವನು ಬರೆದಿದ್ದ. ಯಾವುದರ ಶೇ 5? ತಳಿಯದ್ದಲ್ಲ, ಒಟ್ಟು ಫೈಲಿನದ್ದು.

ನೋಟ್‌ಬುಕ್ಕಿನ ಅಂಚಿನಲ್ಲಿ ಲೆಕ್ಕ ಹಾಕಿದೆ. 24 ದನ ಎಂದರೆ 48 ಪ್ರತಿ. ಗುಡ್ಡದ ತಳಿಯಲ್ಲಿ ಮಾತ್ರ ಇರುವ ಒಂದು ಅಲೀಲು ಅದರಲ್ಲಿ 14 ಸಲ ಇದೆ ಎನ್ನೋಣ. ಆ ತಳಿಯೊಳಗೆ ಅದು ಸುಮಾರು ಶೇ 29, ಯಾವ ಲೆಕ್ಕದಲ್ಲೂ ಅಪರೂಪವಲ್ಲ. ಆದರೆ ಇಡೀ ಫೈಲಿನಲ್ಲಿ 1000 ಪ್ರತಿ. 14 ಎಂದರೆ ಶೇ 1.4. ಕಸದ ಬುಟ್ಟಿಗೆ. 360 ಹೋಲ್‌ಸ್ಟೀನ್‌ಗಳು ಕೂಡಿ ಓಟು ಹಾಕಿ, ಆ 24 ದನಗಳಿಗೇ ವಿಶೇಷವಾದದ್ದನ್ನೆಲ್ಲ ಪಟ್ಟಿಯಿಂದ ಹೊರಗೆ ಹಾಕಿದ್ದವು. ಉಳಿದದ್ದರಲ್ಲಿ ಅಳೆದು ನಾನು ‘ವೈವಿಧ್ಯ ಇಲ್ಲ’ ಎಂದಿದ್ದೆ.

ಕೋಣೆ ನಿಶ್ಶಬ್ದವಾಗಿದೆ ಎಂದು ತಡವಾಗಿ ಗೊತ್ತಾಯಿತು. ತಲೆ ಎತ್ತಿ ನೋಡಿದರೆ ಎಲ್ಲರೂ ಗೋಡೆ ನೋಡುತ್ತಿದ್ದಾರೆ. ಪ್ರೊಜೆಕ್ಟರಿನ ತಂತಿ ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು. ನಾನು ಗುಟ್ಟಾಗಿ ತೆರೆದಿದ್ದ ಲಾಗ್, ಹುಡುಕಿದ ಪದಗಳು, ಗಾಬರಿಯಲ್ಲಿ ತಪ್ಪಾಗಿ ಒತ್ತಿದ ಕಮಾಂಡು, ಎಲ್ಲವೂ ಆರು ಅಡಿ ಅಗಲದಲ್ಲಿ ಗೋಡೆಯ ಮೇಲೆ ನಡೆದಿತ್ತು.

“ಅದೇನು ಒಂಬತ್ತು ಸಾವಿರ?” ಎಂದರು ನಿರ್ದೇಶಕರು.

ಸುಳ್ಳು ಹೇಳುವ ಅವಕಾಶವನ್ನು ಪ್ರೊಜೆಕ್ಟರ್ ಉಳಿಸಿರಲಿಲ್ಲ. “ಸರ್, ಈ ಸ್ಲೈಡ್ ತಪ್ಪು. ಪ್ರಸ್ತಾವ ಬರೆಯಬೇಡಿ” ಎಂದೆ. ಅವರು ಪೆನ್ನಿನ ಕ್ಯಾಪ್ ಹಾಕಿದ ಟಕ್ ಎಂಬ ಸದ್ದು ನನಗೆ ಇಡೀ ವರ್ಷದಲ್ಲೇ ಅತ್ಯಂತ ದೊಡ್ಡದಾಗಿ ಕೇಳಿಸಿತು. “ಹದಿನೈದು ದಿನ ತೆಗೆದುಕೊಳ್ಳಿ” ಎಂದು ಎದ್ದು ಹೋದರು.

ಚಿಪ್ ಮಾಡಿದವರ ಮೇಲೆ ಹೊರೆ ಹೊರಿಸಿ ಕೈ ತೊಳೆದುಕೊಳ್ಳಬಹುದಿತ್ತು, ಕೆಲವರು ಹಾಗೇ ಮಾಡು ಎಂದರು ಕೂಡ. ಆದರೆ ಚಿಪ್‌ನ ಪಕ್ಷಪಾತ ಯಾರೂ ಮುಚ್ಚಿಟ್ಟದ್ದಲ್ಲ. 2009ರ ಬೋವೈನ್ ಹ್ಯಾಪ್‌ಮ್ಯಾಪ್ ಪ್ರಬಂಧದಲ್ಲೇ, 19 ತಳಿಗಳ 497 ದನಗಳನ್ನು ನೋಡಿದವರು ಇದನ್ನು ಚರ್ಚಿಸಿದ್ದಾರೆ. ಮುಂದೆ ಬಂದ 7 ಲಕ್ಷ 77 ಸಾವಿರ ಸ್ನಿಪ್‌ಗಳ ಚಿಪ್‌ನಲ್ಲಿ ಹಿಣಿಲಿನ ದನಗಳನ್ನೂ ಸೇರಿಸಿಕೊಂಡರು. ಫಿಲ್ಟರಿನ ಸಾಲು ಮಾತ್ರ ನಮ್ಮ ಮನೆಯದು. ಓದದೆ ಓಡಿಸಿದ್ದು ನಾನು.

ಮಿಶ್ರತಳಿ ಮಂದೆ ಏಕೆ ಎಲ್ಲಕ್ಕಿಂತ ಎತ್ತರ ನಿಂತಿತ್ತು ಎಂದು ಆಮೇಲೆ ಹೊಳೆದಾಗ ಇನ್ನಷ್ಟು ನಾಚಿಕೆಯಾಯಿತು. ಹೋಲ್‌ಸ್ಟೀನ್ ಹೋರಿ ಬಿಟ್ಟ ಯಾವ ಮಂದೆಯೇ ಆದರೂ ಈ ಚಿಪ್‌ನಲ್ಲಿ ಒಂದೇ ಪೀಳಿಗೆಯಲ್ಲಿ ‘ವೈವಿಧ್ಯಮಯ’ವಾಗುತ್ತದೆ, ಏಕೆಂದರೆ ಚಿಪ್ ಹುಡುಕುವ ಅಲೀಲುಗಳೇ ಹೋರಿಯ ಜೊತೆ ಬಂದಿರುತ್ತವೆ. ನಮ್ಮ ಪ್ರಸ್ತಾವದಂತೆ ಗುಡ್ಡಕ್ಕೆ ಹೊರಗಿನ ಹೋರಿ ಕಳಿಸಿ ಐದು ವರ್ಷ ಬಿಟ್ಟು ಮತ್ತೆ ಅಳೆದಿದ್ದರೆ ಕಂಬ ಜಿಗಿದು ಮೇಲೆ ಬರುತ್ತಿತ್ತು. ‘ಯೋಜನೆ ಯಶಸ್ವಿ’ ಎಂದು ವರದಿ ಬರೆಯುತ್ತಿದ್ದೆವು. ಕೀನ್ಯಾದಲ್ಲಿ ಮಾಸಾಯಿ ದನಗಾಹಿಗಳ ಕೆಂಪು ಕುರಿಗೆ ಆದದ್ದು ಹೆಚ್ಚುಕಡಿಮೆ ಇದೇ. ಹೊಟ್ಟೆಹುಳುವಿನ ಬಾಧೆಯನ್ನು ತಡೆದುಕೊಳ್ಳುವ ಆ ಕುರಿಗಳನ್ನು ಮೈ ದೊಡ್ಡದೆಂದು ಡಾರ್ಪರ್ ಟಗರುಗಳೊಂದಿಗೆ ಲೆಕ್ಕವಿಲ್ಲದೆ ಬೆರೆಸಿದರು. ಮಿಶ್ರಕುರಿಗಳು ಒಣ, ಹುಳುಬಾಧೆಯ ಜಾಗಗಳಲ್ಲಿ ಏಗಲಾರದೆ ಹೋದಾಗ ಅಪ್ಪಟ ಕೆಂಪು ಕುರಿ ಹುಡುಕಿಕೊಂಡು ಹೋಗಬೇಕಾಯಿತು.

ಹದಿನೈದು ದಿನದ ನಡುವೆ ಬೆಳೆ ವಿಭಾಗದ ಗೆಳೆಯನ ಹತ್ತಿರ ಗೋಳು ಹೇಳಿಕೊಂಡೆ. ಅವನು ಸಮಾಧಾನ ಮಾಡಲಿಲ್ಲ, ತನ್ನ ಕಥೆ ಶುರು ಮಾಡಿದ. ಭತ್ತದಲ್ಲಿ ಎಲ್ಲರೂ ಹೋಲಿಸಿ ನೋಡುವುದು ಜಪಾನಿನ ನಿಪ್ಪೋನ್‌ಬರೆ ತಳಿಯ ಜೀನೋಮಿಗೆ. ನೆರೆಯಲ್ಲಿ ಎರಡು ವಾರ ಪೂರ್ತಿ ಮುಳುಗಿದರೂ ಪೈರು ಸಾಯದಂತೆ ಕಾಯುವ ಸಬ್1ಎ ಎಂಬ ವಂಶವಾಹಿ ಸಿಕ್ಕಿದ್ದು ಒಡಿಶಾದ ನಾಡಭತ್ತದಿಂದ ಆರಿಸಿದ ಎಫ್‌ಆರ್13ಎ ಎಂಬ ತಳಿಯಲ್ಲಿ, 2006ರಲ್ಲಿ. ನೀರಿನೊಳಗೆ ಗಾಬರಿಯಾಗಿ ಉದ್ದುದ್ದ ಬೆಳೆದು ಸುಸ್ತಾಗುವ ಬದಲು ಪೈರು ಬೆಳವಣಿಗೆ ನಿಲ್ಲಿಸಿ, ಶಕ್ತಿ ಉಳಿಸಿಕೊಂಡು, ನೀರು ಇಳಿದ ಮೇಲೆ ಮತ್ತೆ ಚಿಗುರುತ್ತದೆ. ರಂಜಕ ಕಡಿಮೆ ಇರುವ ಮಣ್ಣಿನಲ್ಲಿ ಬೇರು ಬೇಗ ಹರಡಿಸುವ ಪಿಎಸ್‌ಟಿಒಎಲ್1 ಸಿಕ್ಕಿದ್ದು ಕಾಸಲತ್ ಎಂಬ ನಾಡತಳಿಯಲ್ಲಿ, 2012ರಲ್ಲಿ. “ಇವೆರಡೂ ನಿಪ್ಪೋನ್‌ಬರೆಯಲ್ಲಿ ಎಲ್ಲಿವೆ ಹೇಳು?” ಎಂದ. ಎಲ್ಲೂ ಇಲ್ಲ. ಆ ವಂಶವಾಹಿಗಳೇ ಅದರಲ್ಲಿಲ್ಲ. “ಆಕರ ಜೀನೋಮನ್ನೇ ನಂಬಿ ಕೂತಿದ್ದರೆ ಹುಡುಕಬೇಕು ಎಂದೂ ಹೊಳೆಯುತ್ತಿರಲಿಲ್ಲ. ರೈತರ ಗದ್ದೆ ಮುಳುಗಿದರೂ ಪೈರು ಉಳಿದದ್ದನ್ನು ಯಾರೋ ನೋಡಿ ಬರೆದಿಟ್ಟಿದ್ದಕ್ಕೆ ಹುಡುಕಿದರು.”

ಬರೆದಿಟ್ಟಿದ್ದಕ್ಕೆ ಎಂದಾಗ ನನಗೆ ಷರಾ ಕಾಲಂ ನೆನಪಾಗಿ ಮಾತು ನಿಂತಿತು.

ಮರುದಿನ ಪಶುವೈದ್ಯೆಯ ಕೋಣೆಗೆ ಹೋದೆ. ಕ್ಷಮೆ ಕೇಳಲು ಮನಸ್ಸಿನಲ್ಲೇ ಒಂದು ಪೀಠಿಕೆ ಸಿದ್ಧ ಮಾಡಿಕೊಂಡಿದ್ದೆ. ಅವರು ಅದನ್ನು ಅರ್ಧಕ್ಕೇ ತಡೆದು, “ರಿಜಿಸ್ಟರ್ ತಾನೇ? ಬೀರುವಿನಲ್ಲಿದೆ, ತೆಗೆದುಕೊಳ್ಳಿ. ನೀರು ಬಿದ್ದ ಪುಟ ಹುಷಾರು” ಎಂದರು. ಅಷ್ಟೇ.

ತಳಿವಾರು ಫಿಲ್ಟರ್ ಹಾಕಿ, ಎಲ್ಲ ತಳಿಗಳಿಂದ ಒಂದೇ ಸಂಖ್ಯೆಯಲ್ಲಿ ದನಗಳನ್ನು ತೆಗೆದುಕೊಂಡು ಮತ್ತೆ ಅಳೆದಾಗ ಗುಡ್ಡದ ಕಂಬ ಏರಿತು, ಆದರೆ ಮೇಲಕ್ಕೆ ಬರಲಿಲ್ಲ. ಚಿಪ್‌ನ ಮಿತಿ ಅಷ್ಟು. ಆರ್‌ಒಎಚ್, ಅಂದರೆ ತಾಯಿ-ತಂದೆಯ ಪ್ರತಿಗಳೆರಡೂ ಒಂದೇ ಆಗಿರುವ ತುಂಡುಗಳನ್ನು, ನೋಡಿದಾಗ ಮಾತ್ರ ಚಿತ್ರ ತಿರುಗಿತು. ಹತ್ತಿರದ ನಂಟಿನಲ್ಲಿ ಕೂಡಿದ್ದರ ಗುರುತಾದ ಉದ್ದುದ್ದ ತುಂಡುಗಳು ಹೋಲ್‌ಸ್ಟೀನ್‌ನಲ್ಲಿ ಧಾರಾಳ, ಇವುಗಳಲ್ಲಿ ವಿರಳ. ಎಂಟು ದನಗಳ ಪೂರ್ತಿ ಜೀನೋಮ್ ಓದಿಸೋಣ ಎಂದು ಕೇಳಿದೆ. ಖರೀದಿ ವಿಭಾಗದವರು ‘ಏಕೆ ಎಂಟು, ಏಕೆ ಎರಡಲ್ಲ’ ಎಂದು ಮೂರು ತಿಂಗಳು ಫೈಲನ್ನು ಓಡಾಡಿಸಿದರು. ಟ್ಯಾಂಕಿಗೆ ಸಾರಜನಕ ತುಂಬಿಸುವುದಕ್ಕೂ ಅವರದ್ದೇ ಸಹಿ ಬೇಕು, ಆದ್ದರಿಂದ ಇಲ್ಲಿ ಹೆಚ್ಚು ಹೇಳುವುದಿಲ್ಲ.

ಫಲಿತಾಂಶ ಬಂದಾಗ ಮೊದಲು ಎಣಿಸಬೇಕೆನಿಸಿದ್ದು ಡಾಮಿನೆಟ್‌ಗಿಂತ ಈ ದನಗಳು ಎಷ್ಟು ಕಡೆ ಭಿನ್ನ ಎಂಬುದನ್ನು. ಭಾರಿ ಸಂಖ್ಯೆ ಸಿಗುತ್ತಿತ್ತು, ಸಭೆಯಲ್ಲಿ ಸೇಡು ತೀರಿಸಿಕೊಂಡ ಹಾಗೂ ಆಗುತ್ತಿತ್ತು. ಆದರೆ ಅದೂ ಅದೇ ತಪ್ಪು, ಈ ಸಲ ನಮ್ಮ ಕಡೆಗೆ ವಾಲಿದ್ದು ಅಷ್ಟೇ. ಹೆರೆಫರ್ಡ್‌ನಿಂದ ದೂರ ಇರುವುದು ಬೇರೆ, ತಮ್ಮೊಳಗೆ ವೈವಿಧ್ಯ ಇರುವುದು ಬೇರೆ. ಒಂದೊಂದು ದನದೊಳಗೂ ತಾಯಿಯ ಪ್ರತಿ, ತಂದೆಯ ಪ್ರತಿ ಎಷ್ಟು ಕಡೆ ಬೇರೆ ಎಂದು ಎಣಿಸಿದೆ. ಹಾಗೆ ಎಣಿಸಿದಾಗಲೂ ಗುಡ್ಡದ ದನ ಹೋಲ್‌ಸ್ಟೀನ್ ಅನ್ನು ಆರಾಮವಾಗಿ ದಾಟಿತು. ಟ್ಯಾಂಕಿನಲ್ಲಿ ಈಗ ಅದಕ್ಕೊಂದು ಪೂರ್ತಿ ಕ್ಯಾನಿಸ್ಟರ್ ಇದೆ.

ಹಳೆಯ ಸ್ಲೈಡ್ ಮಾತ್ರ ಇನ್ನೂ ಜೀವಂತ. ಅದರ ಹೆಸರು ‘ಅಂತಿಮ’, ತಿದ್ದಿದ್ದರ ಹೆಸರು ‘ಅಂತಿಮ_ಹೊಸದು_2’. ಎಲ್ಲರೂ ಮೊದಲನೆಯದನ್ನೇ ತೆರೆಯುತ್ತಾರೆ. ಹೋದ ತಿಂಗಳು ಹೊಸಬರೊಬ್ಬರು, “ಆ ವೈವಿಧ್ಯ ಕಡಿಮೆ ಇರುವ ಗುಡ್ಡದ ತಳಿ ಇದೆಯಲ್ಲ ಸರ್” ಎಂದು ಮಾತು ಶುರು ಮಾಡಿದರು.

ಷರಾ ಕಾಲಂ ಅನ್ನು ದತ್ತಸಂಚಯಕ್ಕೆ ಸೇರಿಸಲು ಹೋರಾಡಿ ಗೆದ್ದೆ. ಸಾಫ್ಟ್‌ವೇರ್‌ನವರು ಅದಕ್ಕೆ ಅರವತ್ತು ಅಕ್ಷರಗಳ ಮಿತಿ ಹಾಕಿಕೊಟ್ಟಿದ್ದಾರೆ. ಮೊನ್ನೆ ಪಶುವೈದ್ಯೆ ತುಂಬಿಸಿದ ಹೊಸ ನಮೂದು ಪರದೆಯ ಮೇಲೆ ಹೀಗಿತ್ತು: ‘ಸತತ ಮಳೆಯಲ್ಲೂ ಗೊರಸು ಕೊಳೆತಿಲ್ಲ, ಇದರ ತಾಯಿಗೂ ಹಾಗೇ, ಆದರೆ ಪಕ್ಕದ ಮಂ’