ಶುಭ ಹಾರೈಕೆ ಇಲ್ಲದ ಒಂದು ಹಾಳೆ

ಹಳೆ ಕಂಪನಿಯಿಂದ ಬಂದ ನನ್ನ ಸರ್ವೀಸ್ ಸರ್ಟಿಫಿಕೇಟ್‌ನಲ್ಲಿ ಮೂರೇ ಸಾಲು ಇವೆ. ಇವರು ಇಂಥ ದಿನದಿಂದ ಇಂಥ ದಿನದವರೆಗೆ ನಮ್ಮಲ್ಲಿ ಕೆಲಸ ಮಾಡಿದ್ದಾರೆ. ಬಿಡುವಾಗ ಕ್ವಾಲಿಟಿ ಇಂಜಿನಿಯರ್ ಆಗಿದ್ದರು. ಅವರು ಕೇಳಿಕೊಂಡಿದ್ದಕ್ಕೆ ಈ ಪತ್ರ ಕೊಡಲಾಗಿದೆ. ಅಷ್ಟೇ. ಇಂಥ ಪತ್ರಗಳ ಕೊನೆಗೆ ಸಾಮಾನ್ಯವಾಗಿ ‘ಇವರ ನಡತೆ ಚೆನ್ನಾಗಿತ್ತು, ಇವರ ಭವಿಷ್ಯಕ್ಕೆ ಶುಭ ಹಾರೈಸುತ್ತೇವೆ’ ಅಂತ ಇನ್ನೊಂದು ಸಾಲು ಇರುತ್ತದೆ. ನನ್ನದರಲ್ಲಿ ಇಲ್ಲ. ಆ ಜಾಗ ಬಿಳಿಯಾಗಿ ಹಾಗೇ ಇದೆ. ಕೆಳಗೆ ಸೀಲು, ಸಹಿ.

ಈ ಹಾಳೆ ಕೈಗೆ ಬರಲು ನಾಲ್ಕು ತಿಂಗಳು ಹಿಡಿಯಿತು. ಮೊನ್ನೆ ನನ್ನ ಜೊತೆ ಡಿಪ್ಲೊಮಾ ಓದಿದ ಗೆಳತಿಯ ತಂಗಿ ಫೋನ್ ಮಾಡಿ, ‘ಅಕ್ಕ, ಜಗಳ ಆಡ್ಕೊಂಡು ಕೆಲಸ ಬಿಟ್ಟಿದ್ದೀನಿ, ಈಗ ರೆಫರೆನ್ಸ್ ಯಾರ ಹತ್ರ ಕೇಳಲಿ’ ಅಂತ ಅತ್ತಳು. ಅವಳಿಗೆ ಫೋನಿನಲ್ಲಿ ಅರ್ಧ ಹೇಳಿದೆ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ 2017ರ ಫೆಬ್ರವರಿಯಿಂದ 2023ರ ಮಾರ್ಚ್‌ವರೆಗೆ ಇದ್ದೆ. ಗಾಡಿಗಳ ಬಿಡಿಭಾಗ ಮಾಡುವ ಜಾಗ. ಮಾಲು ಲಾರಿ ಹತ್ತುವ ಮುಂಚೆ ಅಳತೆ ನೋಡಿ, ಪಿಡಿಐ, ಅಂದರೆ ಕಳಿಸುವ ಮುಂಚಿನ ತಪಾಸಣೆಯ ರಿಪೋರ್ಟ್ ಬರೆದು ಸಹಿ ಹಾಕುವುದು ನನ್ನ ಕೆಲಸ. ಮಾರ್ಚ್ ಕೊನೆ ಅಂದರೆ ಕಾರ್ಖಾನೆಗಳಲ್ಲಿ ಏನು ನಡೆಯುತ್ತದೆ ಅಂತ ಒಳಗಿದ್ದವರಿಗೆ ಗೊತ್ತು. ವರ್ಷದ ಲೆಕ್ಕ ಮುಗಿಯುವ ಹೊತ್ತು, ಹೇಗಾದರೂ ಮಾಡಿ ಬಿಲ್ ಆಗಬೇಕು, ಮಾಲು ಗೇಟು ದಾಟಬೇಕು.

ಅವತ್ತು ಬಂದದ್ದು 1,200 ಬುಷ್‌ಗಳ ಲಾಟ್. ಬುಷ್ ಅಂದರೆ ನಡುವೆ ತೂತಿರುವ ಉಂಗುರದಂಥ ಬಿಡಿಭಾಗ. 25 ಮಿಲಿಮೀಟರ್ ಬೋರ್, ಅಂದರೆ ಆ ತೂತಿನ ಅಗಲ. ಡ್ರಾಯಿಂಗ್ ಪ್ರಕಾರ 21 ಮೈಕ್ರಾನ್‌ಗಿಂತ (ಮಿಲಿಮೀಟರ್‌ನ ಸಾವಿರದಲ್ಲಿ 21 ಪಾಲು) ಜಾಸ್ತಿ ಹಿಗ್ಗುವ ಹಾಗಿಲ್ಲ, ಅಂದರೆ 25.021 ದಾಟಬಾರದು. ನೋಡಲು ಪ್ಲಗ್ ಗೇಜ್ ಇರುತ್ತದೆ. ಅದರ ಗೋ ಕಡೆ ಒಳಗೆ ಹೋಗಬೇಕು, ನೋ-ಗೋ ಕಡೆ ಹೋಗಬಾರದು. ನಾನು ನಾಲ್ಕನೆಯ ಪೀಸಿಗೆ ನೋ-ಗೋ ಕಡೆ ಇಟ್ಟೆ. ಒತ್ತಲೂ ಇಲ್ಲ. ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ತಾನಾಗಿ ಇಳಿಯಿತು. ಇನ್ನೊಂದು ತೆಗೆದೆ, ಅದೂ ಹಾಗೇ. ಬೋರ್ ಗೇಜ್ ಹಾಕಿ ನೋಡಿದರೆ 25.030.

ಮ್ಯಾನೇಜರ್ ಬಂದು ‘25.015 ಅಂತ ಬರಿ, ಲಾರಿ ನಿಂತಿದೆ’ ಅಂದರು. ನಾನು ಬರೆಯಲ್ಲ ಅಂದೆ. ಮಾತಿಗೆ ಮಾತು ಬೆಳೆಯಿತು. ಎಲ್ಲ ಆಪರೇಟರ್‌ಗಳೂ ನೋಡುತ್ತಿದ್ದರು. ‘ನಿನಗೆ ಪೀಣ್ಯದಲ್ಲಿ ಎಲ್ಲೂ ಕೆಲಸ ಸಿಗದ ಹಾಗೆ ಮಾಡ್ತೀನಿ’ ಅನ್ನುವ ತನಕ ಹೋಯಿತು. ನಾನು ರಿಪೋರ್ಟ್ ಪ್ಯಾಡನ್ನು ಟೇಬಲ್ ಮೇಲೆ ಎಸೆದು, ಏಪ್ರನ್ ಬಿಚ್ಚಿಟ್ಟು, ಶಿಫ್ಟ್ ಮಧ್ಯದಲ್ಲೇ ಗೇಟಿನಿಂದ ಹೊರಗೆ ಬಂದೆ. ರಾತ್ರಿ ಮೊಬೈಲಿನಿಂದಲೇ ಎರಡು ಸಾಲಿನ ರಾಜೀನಾಮೆ ಕಳಿಸಿದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ನನ್ನ ಅಪಾಯಿಂಟ್‌ಮೆಂಟ್ ಆರ್ಡರ್‌ನಲ್ಲಿ 60 ದಿನ ನೋಟಿಸ್ ಕೊಡಬೇಕು ಅಂತ ಇತ್ತು.

ಹಾಗಾಗಿ ಅವರ ಲೆಕ್ಕದಲ್ಲಿ ನಾನು ‘ಅಬ್‌ಸ್ಕಾಂಡಿಂಗ್’. ಓಡಿಹೋದವಳು. ಆ ಪದವನ್ನು ಅವರ ಮೇಲ್‌ನಲ್ಲಿ ಓದಿದಾಗ ಅವಮಾನದಿಂದ ಕಿವಿ ಬಿಸಿಯಾಯಿತು. ಕಳ್ಳರಿಗೆ ಹೇಳುವ ಮಾತು ಅಲ್ವಾ ಅದು?

ಜೂನ್‌ನಲ್ಲಿ ಬಿಡದಿ ಕಡೆಯ ಒಂದು ಕಂಪನಿಯಲ್ಲಿ ಇಂಟರ್‌ವ್ಯೂ ಆಯಿತು. ಅಳತೆ, ಗೇಜು, ಕಂಪ್ಲೇಂಟ್ ಬಂದರೆ ಹೇಗೆ ಮೂಲ ಹುಡುಕುತ್ತೀಯ, ಎಲ್ಲ ಕೇಳಿದರು. ಚೆನ್ನಾಗಿ ಆಯಿತು. ಆಮೇಲೆ ಪಟ್ಟಿ ಕೊಟ್ಟರು: ರಿಲೀವಿಂಗ್ ಲೆಟರ್ (ಹಳೆ ಕಂಪನಿ ನಮ್ಮನ್ನು ಕೆಲಸದಿಂದ ಬಿಡುಗಡೆ ಮಾಡಿದೆ ಅನ್ನುವ ಪತ್ರ), ಕೊನೆಯ ಮೂರು ತಿಂಗಳ ಪೇ ಸ್ಲಿಪ್, ಇಬ್ಬರು ರೆಫರೆನ್ಸ್. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ಗೆ ಹೊರಗಿನ ಏಜೆನ್ಸಿ ಇದೆ, ಅವರು ಫೋನ್ ಮಾಡುತ್ತಾರೆ ಅಂದರು. ಟಿ. ದಾಸರಹಳ್ಳಿಯ ರೂಮಿಗೆ ಬಂದು ಆ ಪಟ್ಟಿ ಹಿಡಿದುಕೊಂಡು ಸುಮ್ನೆ ಕೂತುಬಿಟ್ಟೆ.

ಪರಿಚಯದವನೊಬ್ಬ ಒಂದು ದಾರಿ ಹೇಳಿದ. ದುಡ್ಡು ಕೊಟ್ಟರೆ ಯಾವುದಾದರೂ ಸಣ್ಣ ಕಂಪನಿಯ ಲೆಟರ್‌ಹೆಡ್‌ನಲ್ಲಿ ರಿಲೀವಿಂಗ್ ಲೆಟರ್ ಮಾಡಿಕೊಡುತ್ತಾರಂತೆ, ಫೋನ್ ಬಂದರೆ ಮಾತಾಡಲೂ ಜನ ಇರುತ್ತಾರಂತೆ. ದಯವಿಟ್ಟು ಆ ಕಡೆ ಹೋಗಬೇಡಿ. ಸುಳ್ಳು ರೀಡಿಂಗ್ ಬರೆಯಲ್ಲ ಅಂತ ಕೆಲಸ ಬಿಟ್ಟವಳು ನಾನು. ಸುಳ್ಳು ಪತ್ರ ಹಿಡಿದು ಇನ್ನೊಂದು ಕೆಲಸಕ್ಕೆ ಹೇಗೆ ಹೋಗಲಿ? ಅದೂ ಅಲ್ಲದೆ, ನೀವು ಎಲ್ಲಿ ಎಷ್ಟು ತಿಂಗಳು ಇದ್ದಿರಿ ಅನ್ನುವುದು ಪಿಎಫ್ ಖಾತೆಯಲ್ಲಿ ಕೂತಿರುತ್ತದೆ. ಯುಎಎನ್, ಅಂದರೆ ಪಿಎಫ್ ಸದಸ್ಯರ ನಂಬರ್, ಒಂದು ಇದ್ದರೆ ಸಾಕು, ಸುಳ್ಳು ಪತ್ರದ ತಾರೀಖು ಅಲ್ಲೇ ಸಿಕ್ಕಿಬೀಳುತ್ತದೆ.

ಆ ಪಿಎಫ್ ಖಾತೆಯೇ ನನ್ನನ್ನು ಎತ್ತಿ ನಿಲ್ಲಿಸಿದ್ದು. ಪಾಸ್‌ಬುಕ್ ಡೌನ್‌ಲೋಡ್ ಮಾಡಿ ಎಣಿಸಿದೆ. 74 ತಿಂಗಳು, ಒಂದೂ ತಪ್ಪಿಲ್ಲ. 2020ರ ಮೇ, ಜೂನ್, ಜುಲೈನಲ್ಲಿ ಮಾತ್ರ 1,680 ಇದ್ದದ್ದು 1,400 ಆಗಿತ್ತು. ಲಾಕ್‌ಡೌನ್ ಅಂತ ಸರ್ಕಾರ ಆ ಮೂರು ತಿಂಗಳು ಪಿಎಫ್ ಕಡಿತವನ್ನು ಶೇಕಡಾ 12ರಿಂದ 10ಕ್ಕೆ ಇಳಿಸಿತ್ತು. ಆ ಸಾಲುಗಳನ್ನು ನೋಡುವಾಗ, ಮಾಸ್ಕ್ ಹಾಕಿಕೊಂಡು ಅರ್ಧ ಜನದ ಜೊತೆ ಇನ್‌ಸ್ಪೆಕ್ಷನ್ ಮಾಡಿದ ದಿನಗಳು ನೆನಪಾದವು. ಮ್ಯಾನೇಜರ್ ಏನೇ ಹೇಳಲಿ, ನಾನು ಆರು ವರ್ಷ ಅಲ್ಲಿದ್ದೆ. ಅದನ್ನು ಯಾರೂ ಅಳಿಸಲು ಆಗಲ್ಲ.

ಪಾಸ್‌ಬುಕ್, ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್, ಅಪಾಯಿಂಟ್‌ಮೆಂಟ್ ಆರ್ಡರ್, ಐದು ಇನ್‌ಕ್ರಿಮೆಂಟ್ ಲೆಟರ್, ಎಲ್ಲ ಒಂದು ಫೈಲಿಗೆ ಸೇರಿಸಿದೆ. ನನ್ನ ಸಂಬಳಕ್ಕೆ ಟಿಡಿಎಸ್, ಅಂದರೆ ಮೊದಲೇ ಕಳೆಯುವ ತೆರಿಗೆ, ಹಿಡಿಯುತ್ತಿರಲಿಲ್ಲ. ಹಿಡಿಯುವವರಿಗೆ ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲೂ ಕಂಪನಿಯ ಹೆಸರು ಸಿಗುತ್ತದೆ. ಇನ್ನೊಂದು ವಿಷಯ. ನನ್ನ ಪಿಎಫ್‌ನಲ್ಲಿ ಕೆಲಸ ಬಿಟ್ಟ ತಾರೀಖನ್ನು ಕಂಪನಿ ಹಾಕಿರಲೇ ಇಲ್ಲ. ಅದಿಲ್ಲದೆ ಹಣ ಹೊಸ ಖಾತೆಗೆ ವರ್ಗ ಆಗಲ್ಲ. 2020ರಿಂದ ಅದನ್ನು ನಾವೇ ಪೋರ್ಟಲ್‌ನಲ್ಲಿ ಆಧಾರ್ ಒಟಿಪಿ ಕೊಟ್ಟು ಹಾಕಬಹುದು. ಬಿಟ್ಟು ಎರಡು ತಿಂಗಳು ಕಾಯಬೇಕು ಅಷ್ಟೇ. ಅದಕ್ಕಾಗಿ ಯಾರ ಕಾಲೂ ಹಿಡಿಯಬೇಕಿಲ್ಲ.

ಇಷ್ಟಾದರೂ ಇವೆಲ್ಲ ಕಾಗದ. ‘ಈ ಹುಡುಗಿ ಹೇಗೆ’ ಅಂತ ಕೇಳಿದರೆ ಬಾಯಿ ಬಿಟ್ಟು ಹೇಳಲು ಜನ ಬೇಕು.

ನನಗೆ ಮೈಕ್ರೋಮೀಟರ್ ಹಿಡಿಯಲು ಕಲಿಸಿದ ಇನ್‌ಸ್ಪೆಕ್ಷನ್ ಸೂಪರ್‌ವೈಸರ್ ಒಬ್ಬರು 2021ರಲ್ಲಿ ರಿಟೈರ್ ಆಗಿದ್ದರು. ನೆಲಮಂಗಲದ ಹತ್ತಿರ ಅವರ ಮನೆ, ಹಿಂದೆ ಒಂದಿಷ್ಟು ತೆಂಗು. ಒಂದು ಭಾನುವಾರ ಬಸ್ ಹತ್ತಿ ಹೋದೆ. ಅವರ ಹೆಂಡತಿ ಅವಲಕ್ಕಿ ಕೊಟ್ಟರು. ನಾನು ನಡೆದದ್ದೆಲ್ಲ ಹೇಳಿದೆ. ನೋ-ಗೋ ಇಳಿದದ್ದು, ರೀಡಿಂಗ್, ಮ್ಯಾನೇಜರ್ ಅಂದ ಮಾತು. ‘ಭೇಷ್’ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: ‘ನೀನು ಹೋದ ಮೇಲೆ ಆ ರಿಪೋರ್ಟಿಗೆ ಯಾರು ಸೈನ್ ಮಾಡಿದ್ರು?’

ನನಗೆ ಗೊತ್ತಿರಲಿಲ್ಲ. ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

‘ನೀನು ಸುಳ್ಳು ಬರೀಲಿಲ್ಲ, ಅದು ಸರಿ ಕಣಮ್ಮ. ಆದ್ರೆ ಲಾಟಿಗೆ ಕೆಂಪು ಟ್ಯಾಗ್ ಕಟ್ಟಿ, ರಿಜೆಕ್ಟ್ ಅಂತ ಬರೆದು, ಆಮೇಲೆ ಹೊರಡಬೇಕಿತ್ತು. ಖಾಲಿ ರಿಪೋರ್ಟ್ ಬಿಟ್ಟು ಬಂದೆ. ಖಾಲಿ ಇದ್ರೆ ಯಾರ ಕೈಲಾದ್ರೂ ತುಂಬಿಸ್ತಾರೆ.’

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊರಡುವಾಗ, ‘ನನ್ನ ನಂಬರ್ ಕೊಡು, ಫೋನ್ ಬಂದ್ರೆ ಮಾತಾಡ್ತೀನಿ. ಆದ್ರೆ ಇದ್ದಿದ್ದು ಇದ್ದ ಹಾಗೇ ಹೇಳ್ತೀನಿ’ ಅಂದರು.

ಎರಡನೆಯವರು ಗ್ರಾಹಕರ ಕಡೆಯಿಂದ ನಮ್ಮಲ್ಲಿಗೆ ಆಡಿಟ್‌ಗೆ ಬರುತ್ತಿದ್ದ ಇಂಜಿನಿಯರ್. ಆ ಲಾಟ್ ಹೋಗಬೇಕಿದ್ದ ಕಂಪನಿಯವರಲ್ಲ, ಬೇರೆಯವರು. ಅದನ್ನು ಎರಡು ಸಲ ಯೋಚಿಸಿಯೇ ಆರಿಸಿದೆ. ರೆಫರೆನ್ಸ್ ಕೇಳುವ ನೆಪದಲ್ಲಿ ಹಳೆ ಕಂಪನಿಯ ಗುಟ್ಟು ಹೊರಗೆ ಹಾಕಬಾರದು ಅಲ್ವಾ? ಅವರು ಅಷ್ಟರಲ್ಲಿ ಬೇರೆ ಕಡೆ ಸೇರಿದ್ದರು. ‘ಆಫೀಸ್ ಮೇಲಿಂದ ಬರೆಯೋಕೆ ಆಗಲ್ಲ, ಫೋನಲ್ಲಿ ಧಾರಾಳವಾಗಿ ಮಾತಾಡ್ತೀನಿ ಮೇಡಂ’ ಅಂದರು. ನನ್ನ ಕೆಲಸ ಹೇಗೆ ಅಂತ ಹೇಳಲು ನನಗೆ ಸಂಬಳ ಕೊಟ್ಟವರೇ ಆಗಬೇಕಿಲ್ಲ. ಐದು ವರ್ಷ ನನ್ನ ರಿಪೋರ್ಟುಗಳನ್ನು ತಿರುಗಿಸಿ ನೋಡಿದವರು ಇವರು.

ಬಿಡದಿಯ ಎಚ್‌ಆರ್‌ಗೆ ಏಜೆನ್ಸಿ ಶುರುಮಾಡುವ ಮುಂಚೆಯೇ ಫೋನ್ ಮಾಡಿದೆ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆ. ‘ಮೇಡಂ, ಒಂದು ಇನ್‌ಸ್ಪೆಕ್ಷನ್ ವಿಷಯಕ್ಕೆ ಭಿನ್ನಾಭಿಪ್ರಾಯ ಬಂದು ನೋಟಿಸ್ ಕೊಡದೆ ಬಿಟ್ಟೆ. ನೋಟಿಸ್ ಕೊಡದಿದ್ದದ್ದು ನನ್ನ ತಪ್ಪು. ರಿಲೀವಿಂಗ್ ಲೆಟರ್ ಬಂದಿಲ್ಲ, ಸರ್ವೀಸ್ ಸರ್ಟಿಫಿಕೇಟ್ ಕೇಳ್ತಿದ್ದೀನಿ. ವೆರಿಫಿಕೇಶನ್‌ನಲ್ಲಿ ಅಬ್‌ಸ್ಕಾಂಡಿಂಗ್ ಅಂತ ಬರಬಹುದು.’ ಅವರು ಸ್ವಲ್ಪ ತಡೆದು, ‘ಮೊದಲೇ ಹೇಳಿದ್ದು ಒಳ್ಳೇದಾಯ್ತು, ಪಿಎಫ್ ಪಾಸ್‌ಬುಕ್ ಕಳಿಸಿ’ ಅಂದರು. ಮ್ಯಾನೇಜರ್ ಹೆಸರಾಗಲಿ ಗ್ರಾಹಕರ ಹೆಸರಾಗಲಿ ನಾನು ಎತ್ತಲಿಲ್ಲ. ಅವರೂ ಕೇಳಲಿಲ್ಲ.

ಇನ್ನು ಹಳೆ ಕಂಪನಿ. ಅಲ್ಲಿಗೆ ಮೊದಲು ನಾನು ಬರೆದ ಮೇಲ್‌ಗಳು ಜಗಳದ ಮೇಲ್‌ಗಳು. ಉತ್ತರವೇ ಬರಲಿಲ್ಲ. ನೆಲಮಂಗಲದಿಂದ ಬಂದ ಮೇಲೆ ಮ್ಯಾನೇಜರ್‌ನನ್ನು ಬಿಟ್ಟು ಎಚ್‌ಆರ್‌ಗೆ ಮಾತ್ರ ಬರೆದೆ. ನೋಟಿಸ್ ಕೊಡದೆ ಹೋದದ್ದು ತಪ್ಪು, 60 ದಿನದ ಸಂಬಳವನ್ನು ನನ್ನ ಫುಲ್ ಅಂಡ್ ಫೈನಲ್‌ನಲ್ಲಿ (ಬಿಟ್ಟವರ ಕೊನೆಯ ಲೆಕ್ಕದಲ್ಲಿ) ಹಿಡಿದುಕೊಳ್ಳಿ, ಕಡಿಮೆ ಬಿದ್ದರೆ ಕಟ್ಟುತ್ತೇನೆ. ಹೊಗಳಿಕೆ ಬೇಡ. ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಇಷ್ಟು ಬರೆದುಕೊಡಿ. ಕಾರ್ಖಾನೆಗಳ ಮಾದರಿ ಸ್ಥಾಯಿ ಆದೇಶಗಳಲ್ಲಿ, ಅಂದರೆ ಕೆಲಸದ ಷರತ್ತುಗಳ ಸರ್ಕಾರಿ ನಿಯಮಗಳಲ್ಲಿ, ಕಾಯಂ ಕಾರ್ಮಿಕರಿಗೆ, ಡಿಸ್ಮಿಸ್ ಆದವರಿಗೂ, ಸರ್ವೀಸ್ ಸರ್ಟಿಫಿಕೇಟ್ ಕೊಡಬೇಕು ಅಂತ ಆಗ ಇತ್ತು, ಅದನ್ನೂ ಮೆತ್ತಗೆ ನೆನಪಿಸಿದೆ. ಮೂರು ವಾರಕ್ಕೆ ಆ ಹಾಳೆ ಬಂತು.

ಆ ಗೆಳತಿಯ ತಂಗಿಗೂ ಇದನ್ನೇ ಹೇಳಿದೆ. ನಿನ್ನ ಮೇಲೆ ಸಿಟ್ಟಿರುವ ಜಾಗದಲ್ಲಿ ತಾರೀಖು ಕೇಳು, ಅಭಿಪ್ರಾಯ ಕೇಳಬೇಡ. ತಾರೀಖು ಬರೆದುಕೊಡಲು ಯಾರಿಗೂ ಅಷ್ಟು ಕಷ್ಟ ಆಗಲ್ಲ.

ಗ್ರ್ಯಾಚುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಕಂಪನಿ ಕೊಡಬೇಕಾದ ಹಣ, ಅದರ ಬಗ್ಗೆಯೂ ಹೇಳಿಬಿಡುತ್ತೇನೆ. ತುಂಬ ಜನ ಬಿಟ್ಟುಬಿಡುತ್ತಾರೆ. ನನ್ನ ಬೇಸಿಕ್ 18,000 ಇತ್ತು. ಅದನ್ನು 26ರಿಂದ ಭಾಗಿಸಿ, ವರ್ಷಕ್ಕೆ 15 ದಿನದ ಲೆಕ್ಕದಲ್ಲಿ, ಆರು ವರ್ಷಕ್ಕೆ 62,308 ರೂಪಾಯಿ. ನೋಟಿಸ್ ಕೊಡಲಿಲ್ಲ ಅಂತ ಅದನ್ನು ಮುಟ್ಟುಗೋಲು ಹಾಕುವ ಹಾಗಿಲ್ಲ. ನಾನು ಗ್ರ್ಯಾಚುಟಿಯ ಅರ್ಜಿ, ಫಾರ್ಮ್ ‘ಐ’, ತುಂಬಿ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದೆ. ಕೊಡದಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ, ಹೋಗಲು ರೆಡಿಯಾಗಿದ್ದೆ. ತಡವಾಗಿ ಆದರೂ ಬಂತು.

ಏಜೆನ್ಸಿಯವರು ನೆಲಮಂಗಲಕ್ಕೆ ಫೋನ್ ಮಾಡಿದ ದಿನ ಸಂಜೆ ಸರ್ ನನಗೆ ಫೋನ್ ಮಾಡಿದರು. ‘ಇಪ್ಪತ್ತು ನಿಮಿಷ ಮಾತಾಡ್ದೆ ಕಣಮ್ಮ. ಕೈ ಚೆನ್ನಾಗಿದೆ, ರೀಡಿಂಗ್ ಯಾವತ್ತೂ ಊಹೆ ಮಾಡಿ ಬರೆದವಳಲ್ಲ ಅಂದೆ. ಕೋಪ ಜಾಸ್ತಿ, ಅದನ್ನ ನೀವು ತಿದ್ದಬೇಕು ಅಂತಾನೂ ಹೇಳ್ದೆ.’ ನನಗೆ ಎದೆ ಧಸಕ್ಕೆಂದಿತು. ಆದರೆ ಆಗಸ್ಟ್ 1ರಂದು ಸೇರಿಕೊಂಡೆ. ಅಲ್ಲಿನ ನನ್ನ ಹೆಡ್ ಮೊದಲ ವಾರವೇ, ‘ಇಲ್ಲಿ ಲಾಟ್ ನಿಲ್ಲಿಸೋಕೆ ನಿಮಗೆ ನನ್ನ ಪರ್ಮಿಷನ್ ಬೇಡ. ನಿಲ್ಲಿಸಿ, ಟ್ಯಾಗ್ ಕಟ್ಟಿ, ಆಮೇಲೆ ನನಗೆ ಹೇಳಿ’ ಅಂದರು. ಅವರಿಗೆ ಯಾರು ಏನು ಹೇಳಿದ್ದರೋ, ನಾನು ಕೇಳಲಿಲ್ಲ.

ಸರ್ ಕೇಳಿದ ಆ ಪ್ರಶ್ನೆ ಮಾತ್ರ ಬಿಡಲಿಲ್ಲ. ದೀಪಾವಳಿ ಹೊತ್ತಿಗೆ ಧೈರ್ಯ ಮಾಡಿ, ನನ್ನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಹುಡುಗನಿಗೆ ಫೋನ್ ಮಾಡಿದೆ. ಐಟಿಐ ಮುಗಿಸಿ ಬಂದವನು, ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ.

‘ನಾನೇ ಅಕ್ಕ ಸೈನ್ ಮಾಡಿದ್ದು’ ಅಂದ. ‘ಇನ್ಯಾರಿದ್ರು? ಎರಡು ತಿಂಗಳಿಗೆ ಅರ್ಧ ಲಾಟ್ ವಾಪಸ್ ಬಂತು. ರಿಪೋರ್ಟಲ್ಲಿ ನನ್ನ ಹೆಸರಿತ್ತು. ಮೆಮೊ ಕೊಟ್ರು.’

ಕ್ಷಮೆ ಕೇಳಿದೆ. ‘ಅಯ್ಯೋ ಬಿಡಿ ಅಕ್ಕ’ ಅಂದ. ಬೇರೆ ಕಡೆ ನೋಡುತ್ತಿದ್ದೀಯಾ ಅಂದೆ. ನೋಡುತ್ತಿದ್ದೇನೆ, ಆದರೆ ಮೆಮೊ ಇದೆಯಲ್ಲ ಅಂದ. ಯಾವ ಕಂಪನಿ ಕೇಳಿದರೂ ನನ್ನ ಹೆಸರು, ನಂಬರ್ ಬರಿ, ಆ ದಿನ ಏನಾಯಿತು ಅಂತ ಪೂರ್ತಿ ನಾನು ಹೇಳುತ್ತೇನೆ, ನನ್ನ ತಪ್ಪನ್ನೂ ಸೇರಿಸಿ, ಅಂದೆ. ‘ಆಯ್ತು ಅಕ್ಕ’ ಅಂದ.

ಇನ್ನೂ ಯಾರಿಂದಲೂ ಫೋನ್ ಬಂದಿಲ್ಲ. ಅಂದಿನಿಂದ ಗೊತ್ತಿಲ್ಲದ ನಂಬರ್ ಬಂದರೆ, ಗೇಜ್ ಕೆಳಗಿಟ್ಟು, ಕೈ ಒರೆಸಿಕೊಂಡು ಎತ್ತುತ್ತೇನೆ.